ಸೈನಿಕನ ಸೊಂಟದ ಚಾಕು: ಮೊದಲು ಹಿಡಿ ನೋಡಿ, ಆಮೇಲೆ ಅಲಗು

ಹೋದ ತಿಂಗಳು ಕೊಪ್ಪಳದ ನಮ್ಮ ಓಣಿಯ ಹುಡುಗನೊಬ್ಬ ರಜೆಗೆ ಬಂದಿದ್ದ. ಟ್ರೈನಿಂಗ್ ಮುಗಿದಿದೆ, ಇನ್ನು ಯೂನಿಟ್ ಸೇರಬೇಕು. ಬಂದವನೇ ಒಂದು ಡಬ್ಬಿ ತಂದು ನಮ್ಮ ಕಟ್ಟೆಯ ಮೇಲಿಟ್ಟ.

"ಕಾಕಾ, ಆನ್‌ಲೈನ್‌ನಾಗ ತರಿಸೀನಿ. ಹೆಂಗೈತಿ ನೋಡ್ರಿ."

ಕಪ್ಪು ಬಣ್ಣದ ಚಾಕು. ಅಲಗು ಎಂಟು ಇಂಚು. ಬೆನ್ನಿನ ಮೇಲೆ ಗರಗಸದ ಹಲ್ಲು. ಹಿಡಿ ಟೊಳ್ಳು, ಅದರ ತುದಿಯಲ್ಲಿ ತಿರುಪಿನ ಮುಚ್ಚಳ, ಮುಚ್ಚಳದಲ್ಲಿ ದಿಕ್ಸೂಚಿ. ಹಿಡಿಯೊಳಗೆ ಬೆಂಕಿಕಡ್ಡಿ, ಸೂಜಿ, ಮೀನಿನ ಗಾಳ. ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ.

"ಒಳಗ ಹೋಗಿ ಸೋಪು, ಒಂದು ತಂಬಿಗಿ ನೀರು ತಗೊಂಡು ಬಾ" ಅಂದೆ. ಅಂಗೈಗೆ ನೊರೆ ಬರುವಂತೆ ಸೋಪು ಹಚ್ಚಿಸಿದೆ. ಚಾಕುವನ್ನು ಒರೆಯಿಂದ ತೆಗೆಯದೆ, ಒರೆ ಸಮೇತ ಹಿಡಿದು, ಒರೆಯ ತುದಿಯನ್ನು ಗೋಡೆಗೆ ಇಟ್ಟು ಜೋರಾಗಿ ಒತ್ತು ಎಂದೆ. ಒತ್ತಿದ. ಕೈ ಸರ್ರನೆ ಮುಂದೆ ಜಾರಿ ಒರೆಯ ಮೇಲೆ ಹೋಗಿ ನಿಂತಿತು. ಒರೆ ಇರದಿದ್ದರೆ ನಾಲ್ಕು ಬೆರಳೂ ಅಲಗಿನ ಮೇಲೆ. ಬೆರಳಿನ ಒಳಗಿನ ನರ ಕಡಿದರೆ ಆ ಕೈ ರೈಫಲ್ ಹಿಡಿಯುವುದು ಕಷ್ಟ. ಹುಡುಗ ಸುಮ್ಮನೆ ತನ್ನ ಕೈ ನೋಡಿಕೊಂಡ.

ಚಾಕು ಕೊಳ್ಳುವವರು ನೂರಕ್ಕೆ ತೊಂಬತ್ತು ಜನ ಅಲಗು ನೋಡಿ ಕೊಳ್ಳುತ್ತಾರೆ. ಕಾಳಗದಲ್ಲಿ ಕೈಕೊಡುವುದು ಮಾತ್ರ ಹಿಡಿ ಮತ್ತು ಒರೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲಾಳು ಪಡೆಯಲ್ಲಿದ್ದೆ. ಅದಕ್ಕೂ ಮೊದಲು ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿ ಬೆಳೆದವನು. ಎರಡೂ ಕಡೆ ನೋಡಿದ್ದನ್ನು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಟೊಳ್ಳು ಹಿಡಿಯ ಚಾಕು ನನ್ನ ಹತ್ತಿರವೂ ಇತ್ತು. ಸರ್ವಿಸ್‌ನ ಮೊದಲ ವರ್ಷಗಳಲ್ಲಿ ಕಂಟೋನ್ಮೆಂಟ್ ಹೊರಗಿನ ಒಂದು ಅಂಗಡಿಯಲ್ಲಿ ಕೊಂಡದ್ದು. ಎತ್ತರದ ಪೋಸ್ಟಿನಲ್ಲಿ ಒಂದು ಬೆಳಿಗ್ಗೆ ರೇಷನ್ನಿನ ಮರದ ಪೆಟ್ಟಿಗೆಯ ಮೊಳೆ ಎಬ್ಬಿಸಲು ಹೋದೆ. ಟಕ್ ಅಂತ ಶಬ್ದ. ಹಿಡಿ ನನ್ನ ಕೈಯಲ್ಲಿ, ಅಲಗು ಪೆಟ್ಟಿಗೆಯಲ್ಲಿ. ಮುರಿದ ಜಾಗ ನೋಡಿದರೆ, ಅಷ್ಟು ದೊಡ್ಡ ಅಲಗು ಹಿಡಿಯೊಳಗೆ ಇಳಿದಿದ್ದು ಹೆಬ್ಬೆರಳಿನ ಉಗುರಿನಷ್ಟು ಮಾತ್ರ. ಉಳಿದದ್ದು ಒಂದು ನಟ್ಟು. ಆವತ್ತು ಹೋದದ್ದು ಪೆಟ್ಟಿಗೆ ತೆಗೆಯುವ ಕೆಲಸ, ಅಷ್ಟೇ. ಬೇರೆ ಯಾವ ಹೊತ್ತಿನಲ್ಲಾದರೂ ಅದು ಮುರಿಯಬಹುದಿತ್ತು.

ಅಲಗಿನ ಉಕ್ಕು ಹಿಡಿಯೊಳಗೆ ಇಳಿಯುವ ಭಾಗಕ್ಕೆ ಟ್ಯಾಂಗ್ ಅನ್ನುತ್ತಾರೆ. ನಮ್ಮ ಕುಡುಗೋಲಿನಲ್ಲಿ ಅದು ಮೊನಚಾದ ಬಾಲ. ಕೆಂಪಗೆ ಕಾಯಿಸಿ ಮರದ ಹಿಡಿಗೆ ಇಳಿಸುತ್ತಾರೆ. ಜೋಳ ಕೊಯ್ಯಲು ಅಷ್ಟು ಸಾಕು, ಯಾಕೆಂದರೆ ಕುಡುಗೋಲಿನಿಂದ ಯಾರೂ ಮೀಟುವುದಿಲ್ಲ. ಸೈನಿಕ ಮೀಟುತ್ತಾನೆ, ಬಡಿಯುತ್ತಾನೆ, ಕಲ್ಲು ನೆಲ ಕೆದರುತ್ತಾನೆ. ಹಾಗಾಗಿ ಅಲಗಿನ ಉಕ್ಕೇ ಹಿಡಿಯ ಕೊನೆಯವರೆಗೂ ಒಂದೇ ಪಟ್ಟಿಯಾಗಿ ಬಂದಿರಬೇಕು. ಎರಡೂ ಬದಿಗೆ ಹಿಡಿಯ ತುಂಡು ಕೂರಿಸಿ ರಿವೆಟ್ ಹೊಡೆದಿದ್ದರೆ ಪಟ್ಟಿ ಕಣ್ಣಿಗೇ ಕಾಣುತ್ತದೆ. ಕಾಣದಿದ್ದರೆ ಅಂಗಡಿಯವನನ್ನು ಕೇಳಿ. ಅವನಿಗೂ ಗೊತ್ತಿಲ್ಲದಿದ್ದರೆ ಬಿಟ್ಟು ಬನ್ನಿ.

ಚಾಕು ಅಂದ ಕೂಡಲೇ ಹುಡುಗರ ತಲೆಯಲ್ಲಿ ಶತ್ರುವಿನ ಜೊತೆ ಕೈಕೈ ಕಾಳಗ ಬರುತ್ತದೆ. ಅದಕ್ಕೆ ರೈಫಲ್ ಇದೆ, ಬಯೋನೆಟ್ ಇದೆ. ನನ್ನ ಚಾಕು ಇಷ್ಟು ವರ್ಷ ಮಾಡಿದ ಕೆಲಸ ಬೇರೆ. ಹಗ್ಗ ಕೊಯ್ದಿದೆ, ಟೆಂಟಿನ ಗೂಟ ಕೆತ್ತಿದೆ, ಡಬ್ಬಿ ತೆಗೆದಿದೆ, ಬಂಕರಿನ ಮರಳು ಚೀಲ ಸೀಳಿದೆ. ಒಮ್ಮೆ ಕಂದಕಕ್ಕೆ ವಾಲಿದ ಗಾಡಿಯಲ್ಲಿ ಒಬ್ಬನ ಪ್ಯಾಕಿನ ಪಟ್ಟಿ ಸೀಟಿಗೆ ಸಿಕ್ಕಿ ಬಿಗಿದಿತ್ತು. ನನ್ನ ಬಲಗೈ ಅವನ ಮೈ ಕೆಳಗೆ. ಎಡಗೈಯಲ್ಲಿ ಚಾಕು ಎಳೆದು ಪಟ್ಟಿ ಕೊಯ್ದೆ. ಎಡಗೈಗೆ ಸಿಗದ ಜಾಗದಲ್ಲಿ ಅದನ್ನು ಕಟ್ಟಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ. ಗಾಯಾಳುವಿನ ಬಟ್ಟೆ ಕತ್ತರಿಸಲು ಮಾತ್ರ ಚಾಕು ಬೇಡ, ಮೊನೆ ಮೊಂಡಾಗಿರುವ ಕತ್ತರಿಯೇ ಸರಿ.

ಎರಡನೇ ಮಹಾಯುದ್ಧದ ಎರಡು ಚಾಕು ಈ ಮಾತನ್ನು ಚೆನ್ನಾಗಿ ಹೇಳುತ್ತವೆ. ಶಾಂಘೈ ಪೊಲೀಸಿನಲ್ಲಿದ್ದ ಫೇರ್‌ಬೇರ್ನ್ ಮತ್ತು ಸೈಕ್ಸ್ 1940ರಲ್ಲಿ ಬ್ರಿಟಿಷ್ ಕಮಾಂಡೋಗಳಿಗಾಗಿ ಒಂದು ಕಠಾರಿ ರೂಪಿಸಿದರು. ಎರಡೂ ಕಡೆ ಹರಿತ, ಸೂಜಿಯಂಥ ಮೊನೆ. ಚುಚ್ಚಲೆಂದೇ ಮಾಡಿದ್ದು. ಅದರಲ್ಲಿ ಪೆಟ್ಟಿಗೆ ಮೀಟಿದರೆ ಮೊನೆ ಮುರಿಯುತ್ತಿತ್ತು. ಅಮೆರಿಕದ ಮರೀನ್ ಪಡೆ 1942ರಲ್ಲಿ ತೆಗೆದುಕೊಂಡದ್ದು ಕಾ-ಬಾರ್ ಎಂದು ಹೆಸರಾದ ಚಾಕು. ಏಳು ಇಂಚಿನ ಅಲಗು, ಒಂದೇ ಕಡೆ ಹರಿತ, ದಪ್ಪ ಬೆನ್ನು. ಕಾದಾಟಕ್ಕೂ ಆಯಿತು, ಕ್ಯಾಂಪಿನ ಕೆಲಸಕ್ಕೂ ಆಯಿತು. ಅದು ಇವತ್ತಿಗೂ ಬಳಕೆಯಲ್ಲಿದೆ. ನಮ್ಮ ಪ್ಯಾರಾ ಸ್ಪೆಷಲ್ ಫೋರ್ಸಸ್‌ನವರ ಬಲಿದಾನ ಬ್ಯಾಡ್ಜಿನ ಮೇಲೆ ಕಠಾರಿ ಇದೆ. ಅದನ್ನು ಎದೆಯ ಮೇಲೆ ಕಂಡಾಗೆಲ್ಲ ಕೈ ತಾನಾಗಿ ಸೆಲ್ಯೂಟ್‌ಗೆ ಹೋಗುತ್ತದೆ. ಆದರೆ ದಿನದ ಕೆಲಸಕ್ಕೆ ನಾನು ಹೇಳುವುದು ಒಂದೇ ಕಡೆ ಹರಿತ ಇರುವ ಅಲಗು. ಬೆನ್ನಿನ ಮೇಲೆ ಹೆಬ್ಬೆರಳು ಇಟ್ಟು ಒತ್ತಲು ಜಾಗ ಬೇಕಲ್ವಾ?

ಗೋರ್ಖಾ ಜವಾನರ ಖುಕ್ರಿಯ ಒರೆ ತಿರುಗಿಸಿ ನೋಡಿದರೆ ಹಿಂದೆ ಎರಡು ಪುಟ್ಟ ತುಂಡು ಸಿಗುತ್ತವೆ. ಕರ್ದಾ ಅನ್ನುವ ಸಣ್ಣ ಚಾಕು, ಅಲಗು ಸರಿಮಾಡುವ ಚಕ್‌ಮಕ್. ಅಷ್ಟು ದೊಡ್ಡ ಆಯುಧ ಕಟ್ಟಿಕೊಂಡವನಿಗೂ ಸಣ್ಣ ಕೆಲಸಕ್ಕೆ ಸಣ್ಣ ಚಾಕು ಬೇಕೇ ಬೇಕು.

ಹಾಗಾಗಿ ಉದ್ದದ ಆಸೆ ಬಿಡಿ. ಐದು ಇಂಚಿನ ಅಲಗು, ನಾಲ್ಕೈದು ಮಿಲಿಮೀಟರ್ ದಪ್ಪ, ಅಷ್ಟು ಸಾಕು. ತೂಕವನ್ನು ಹೀಗೆ ಲೆಕ್ಕ ಹಾಕಿ: ರೈಫಲ್ಲಿನ 5.56 ಮಿಲಿಮೀಟರ್‌ನ ಒಂದು ಗುಂಡು, ಕೇಸು ಸಮೇತ, ಸುಮಾರು 12 ಗ್ರಾಂ. 360 ಗ್ರಾಂ ಚಾಕು ಅಂದರೆ 30 ಗುಂಡಿನ ಭಾರ. ಬೆಟ್ಟ ಹತ್ತುವವನಿಗೆ ಯಾವುದು ಬೇಕು ಅಂತ ಅವನೇ ಹೇಳಲಿ. ಮಡಚುವ ಚಾಕು ಎರಡನೆಯದಾಗಿ ಜೇಬಿನಲ್ಲಿರಲಿ. ಕೀಲಿನೊಳಗೆ ಮರಳು ಕೂತರೆ ಅದು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ.

ಉಕ್ಕಿನ ವಿಷಯಕ್ಕೆ ಬಂದರೆ ನಮ್ಮ ಕಡೆಯವರಿಗೆ ಜಾಸ್ತಿ ಹೇಳಬೇಕಿಲ್ಲ. ಸಂಡೂರಿನಲ್ಲಿ ಅದಿರು, ತೋರಣಗಲ್ಲಿನಲ್ಲಿ ಕಾರ್ಖಾನೆ. ಜಗತ್ತೆಲ್ಲ ಮೆಚ್ಚಿದ ವೂಟ್ಜ್ ಉಕ್ಕಿನ ಹೆಸರೂ ನಮ್ಮ 'ಉಕ್ಕು' ಪದದಿಂದಲೇ ಬಂದದ್ದು ಅನ್ನುತ್ತಾರೆ. ಅಪ್ಪ ಲಾರಿಯ ಹಳೆಯ ಕಮಾನು ಪಟ್ಟಿ ತಂದು ಮಚ್ಚು ಬಡಿಯುತ್ತಿದ್ದರು. ದಿನವೂ ಬಾಗಿ ಏಳುವ ಉಕ್ಕು ಪೆಟ್ಟು ತಡೆಯುತ್ತದೆ ಎನ್ನುವುದು ಅವರ ಲೆಕ್ಕ. ಹದ ಹಿಡಿಸಿದ ಮೇಲೆ ಅಲಗಿಗೆ ಹೊಸ ಅರ ಹಚ್ಚಿ ನೋಡುತ್ತಿದ್ದರು. ಅರ ಜಾರಿದರೆ ಗಟ್ಟಿ, ಕಚ್ಚಿದರೆ ಮೆತ್ತಗೆ. ತೀರಾ ಗಟ್ಟಿಯಾದರೆ ಮತ್ತೆ ಹದವಾಗಿ ಕಾಯಿಸಿ ಸ್ವಲ್ಪ ಇಳಿಸುತ್ತಿದ್ದರು. ಗಾಜಿನಂಥ ಅಲಗು ಚಕ್ಕೆ ಏಳುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. ಕಂಪನಿಯವರು ಈ ಗಟ್ಟಿತನವನ್ನೇ ರಾಕ್‌ವೆಲ್ ಅಂಕದಲ್ಲಿ ಬರೆಯುತ್ತಾರೆ, ಅಂಕ ಏರಿದಷ್ಟೂ ಉಕ್ಕು ಗಟ್ಟಿ. ಸೈನಿಕನ ಚಾಕುವಿಗೆ 56ರಿಂದ 58 ಸರಿಯಾದ ಹದ. 60 ದಾಟಿದ್ದು ಅಡುಗೆಮನೆಯಲ್ಲಿ ಚೆನ್ನ. ಹಿಮದಲ್ಲಿ ಉಕ್ಕು ಇನ್ನಷ್ಟು ಪೆಡಸಾಗುತ್ತದೆ, ಅಲ್ಲಿ ಮೀಟಲು ಹೋಗಬೇಡಿ.

ಕಾರ್ಬನ್ ಉಕ್ಕೋ ಸ್ಟೇನ್‌ಲೆಸ್ಸೋ? ಕಾರ್ಬನ್ ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ರಾಜಸ್ಥಾನದ ಒಣ ಮರಳಿನಲ್ಲಿ ಅದು ವರ್ಷಗಟ್ಟಲೆ ಇರುತ್ತದೆ. ಈಶಾನ್ಯದ ಮಳೆಯಲ್ಲಿ ಎರಡೇ ದಿನಕ್ಕೆ ಕೆಂಪು ಚುಕ್ಕೆ. ಅಲ್ಲಿಗೆ ಸ್ಟೇನ್‌ಲೆಸ್ ಒಯ್ಯಿರಿ. ಎಣ್ಣೆ ವಿಷಯದಲ್ಲಿ ಒಂದು ಮಾತು. ಊರಿಂದ ಕೊಬ್ಬರಿ ಎಣ್ಣೆ ಕಟ್ಟಿಕೊಂಡು ಹೋಗುವವರಿದ್ದಾರೆ. ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಚಳಿಯಲ್ಲಿ ಅಲಗು ಒರೆಗೇ ಅಂಟಿ ಕೂರುತ್ತದೆ. ರೈಫಲ್ಲಿಗೆ ಹಾಕುವ ಎಣ್ಣೆಯನ್ನೇ ಒಂದು ಹನಿ ಹಚ್ಚಿ.

ಇನ್ನು ಒರೆ. ಚರ್ಮದ್ದು ನೋಡಲು ಚೆಂದ, ಆದರೆ ನೆನೆದರೆ ನೀರು ಹಿಡಿದಿಟ್ಟುಕೊಂಡು ಅಲಗು ತಿನ್ನುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದು ವಾಸಿ, ತುದಿಯಲ್ಲಿ ನೀರು ಇಳಿಯಲು ತೂತು ಇರಬೇಕು. ಕಟ್ಟಿಕೊಂಡು ಹತ್ತು ಸಲ ಜಿಗಿಯಿರಿ. ಕಟಕಟ ಶಬ್ದ ಬಂದರೆ ಒರೆಯ ಬಾಯಿಗೆ ಒಳಗಿಂದ ಟೇಪು ಹಚ್ಚಿ. ರಾತ್ರಿ ಆ ಶಬ್ದ ಬಹಳ ದೂರ ಹೋಗುತ್ತದೆ. ಆಮೇಲೆ ಹೊಟ್ಟೆಯ ಮೇಲೆ ತೆವಳಿ ನೋಡಿ, ಪೂರ್ತಿ ಪ್ಯಾಕ್ ಹಾಕಿಕೊಂಡು ಗಾಡಿಯಲ್ಲಿ ಕೂತು ನೋಡಿ. ಹಿಡಿ ಎಲ್ಲಿ ಚುಚ್ಚುತ್ತದೆ ಅಂತ ಆಗಲೇ ಗೊತ್ತಾಗುವುದು. ಗ್ಲೌಸ್ ಹಾಕಿಕೊಂಡು, ಕಣ್ಣು ಮುಚ್ಚಿ, ಬಲಗೈಯಿಂದ ಐದು ಸಲ, ಎಡಗೈಯಿಂದ ಐದು ಸಲ ತೆಗೆದು ಹಾಕಿ. ಒಂದು ಸಲ ತಡವರಿಸಿದರೂ ಕಟ್ಟುವ ಜಾಗ ಬದಲಿಸಿ.

ಗರಗಸದ ಹಲ್ಲು ಬೇಡ. ಒಂದು ಸಲ ಮೊಂಡಾದರೆ ಪೋಸ್ಟಿನಲ್ಲಿ ಮಸೆಯಲು ಆಗುವುದಿಲ್ಲ. ನೇರ ಅಲಗಾದರೆ ಅಂಗೈಯಷ್ಟು ಸಾಣೆಕಲ್ಲು ಸಾಕು.

ಟ್ರೈನಿಂಗ್ ಸೆಂಟರ್‌ಗೆ ಹೊರಟ ಹುಡುಗರು ಸ್ವಂತ ಚಾಕು ಒಯ್ಯಲೇಬೇಡಿ. ಯೂನಿಟ್ ಸೇರಿದ ಮೇಲೂ ಕಂಪನಿ ಕಮಾಂಡರ್ ಹೂಂ ಅಂದರೆ ಮಾತ್ರ. ವಿಮಾನದಲ್ಲಿ ಅದು ಕೈಚೀಲದಲ್ಲಿ ಇರಬಾರದು, ಚೆಕ್-ಇನ್ ಬ್ಯಾಗಿನಲ್ಲಿ ಹೋಗಬೇಕು. ಮನೆ, ಹೊಲದ ಕೆಲಸದ್ದಲ್ಲದ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಆಯುಧ ನಿಯಮಗಳಡಿ ಬರುತ್ತದೆ. ನಾನು ಹೇಳಿದ ಐದು ಇಂಚಿನಲ್ಲಿ ಆ ತಾಪತ್ರಯವೂ ಇಲ್ಲ.

ಆ ಡಬ್ಬಿಯನ್ನು ಹುಡುಗ ವಾಪಸ್ ಕಳಿಸಿದ. ಐದು ಇಂಚಿನದೊಂದು ತರಿಸಿಕೊಂಡ. ಹಿಡಿ ಒರಟು ರಬ್ಬರಿನದು, ಮುಂದೆ ಬೆರಳು ತಡೆಯುವ ಏಣು ಇದೆ. ಸೋಪಿನ ಪರೀಕ್ಷೆಯನ್ನು ಅವನೇ ಮಾಡಿದ, ಕೈ ಜಾರಲಿಲ್ಲ. ರಜೆಯ ಉಳಿದ ದಿನಗಳಲ್ಲಿ ಅದರಲ್ಲೇ ಹಗ್ಗ ಕೊಯ್ದ, ಬೇವಿನ ಕೊಂಬೆ ಕೆತ್ತಿ ಗೂಟ ಮಾಡಿದ. ಮೊಂಡಾದಾಗ ನಮ್ಮ ಕಟ್ಟೆಯ ಮೇಲೆ ಕೂತು ಮಸೆದ. ಮೊದಲ ಸಲ ಅಲಗು ಒಂದೇ ಕಡೆ ಸವೆಯಿತು. ಮೂರನೇ ಸಲ ಮಸೆದು ನೋಡಿದರೆ ನ್ಯೂಸ್‌ಪೇಪರಿನ ಹಾಳೆ ಹರಿಯದೆ ನೇರವಾಗಿ ಕತ್ತರಿಸಿಕೊಂಡು ಹೋಯಿತು.