ಅಪಾಯವಿಲ್ಲವೆಂದು ಗೊತ್ತಿದ್ದರೂ ಎದೆ ಏಕೆ ಹೊಡೆದುಕೊಳ್ಳುತ್ತದೆ?

ಪ್ರಶ್ನೆ: ನಾಲ್ಕು ಜನರ ಮುಂದೆ ಮಾತನಾಡಬೇಕಾದಾಗ, ಮೇಲಧಿಕಾರಿಯ ಫೋನ್ ಬಂದಾಗ, ಕೆಲವೊಮ್ಮೆ ಬರೀ ಒಂದು ಮೆಸೇಜ್ ಬಂದ ಸದ್ದಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ತಿರುಚಿದಂತಾಗುತ್ತದೆ. ಹೆದರುವಂಥದ್ದೇನೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ದೇಹ ಏಕೆ ಮಾತು ಕೇಳುವುದಿಲ್ಲ? ಇದು ನನ್ನ ಹುಟ್ಟುಗುಣವೇ, ಅಥವಾ ಬದಲಾಗಬಲ್ಲುದೇ?

ಉತ್ತರ: ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವನ್ನು ನಾವೆಲ್ಲ ಕೇಳಿದ್ದೇವೆ. ದೀಪ ತಂದು ನೋಡಿದರೆ ಹಾವು ಇಲ್ಲವಾಗುತ್ತದೆ, ಅದರೊಡನೆ ಭಯವೂ ಹೋಗುತ್ತದೆ ಎನ್ನುತ್ತದೆ ಆ ದೃಷ್ಟಾಂತ. ಆದರೆ ನಿಜವಾಗಿ ಹಾಗೆ ಬೆಚ್ಚಿದವರನ್ನು ಕೇಳಿ ನೋಡಿ: ಅದು ಹಗ್ಗವೆಂದು ಖಚಿತವಾದ ಮೇಲೂ ಸ್ವಲ್ಪ ಹೊತ್ತು ಎದೆ ಡವಗುಟ್ಟುತ್ತಲೇ ಇರುತ್ತದೆ, ಕಾಲು ನಡುಗುತ್ತಲೇ ಇರುತ್ತದೆ. ನಿಮ್ಮ ಪ್ರಶ್ನೆ ಇರುವುದು ಈ ಸ್ವಲ್ಪ ಹೊತ್ತಿನಲ್ಲಿಯೇ. ತಿಳಿವು ಬಂದ ದಾರಿ ಬೇರೆ, ನಡುಕ ಬಂದ ದಾರಿ ಬೇರೆ; ನಡುಕವನ್ನು ಹುಟ್ಟಿಸುವ ನರವ್ಯೂಹ ವಾದಕ್ಕೆ ಕಿವಿಗೊಡುವುದು ಕಡಿಮೆ, ಅನುಭವಕ್ಕೆ ಕಿವಿಗೊಡುವುದು ಹೆಚ್ಚು. ನನ್ನ ಉತ್ತರದ ತಿರುಳು ಇಷ್ಟೇ, ಆದರೆ ಇದನ್ನು ಬಿಡಿಸಿ ನೋಡಿದರೆ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಹೃದಯ, ಜಠರ, ರಕ್ತನಾಳ, ಬೆವರಿನ ಗ್ರಂಥಿಗಳನ್ನು ನಡೆಸುವ ನರಗಳ ಜಾಲಕ್ಕೆ ಸ್ವಾಯತ್ತ ನರವ್ಯೂಹ ಎಂಬ ಹೆಸರು ಬಂದಿರುವುದೇ ಅದು ನಮ್ಮ ಇಚ್ಛೆಯ ಅಪ್ಪಣೆಗೆ ಕಾಯುವುದಿಲ್ಲವೆಂಬ ಕಾರಣಕ್ಕೆ. ಅದರ ಸಿಂಪಥೆಟಿಕ್ ಶಾಖೆ ದೇಹವನ್ನು ಓಟಕ್ಕೋ ಹೋರಾಟಕ್ಕೋ ಸಜ್ಜುಗೊಳಿಸುತ್ತದೆ. ಪ್ಯಾರಾಸಿಂಪಥೆಟಿಕ್ ಶಾಖೆ ವಿಶ್ರಾಂತಿ ಮತ್ತು ಜೀರ್ಣಕ್ರಿಯೆಯ ಕಡೆಗೆ ಮರಳಿ ಕರೆತರುತ್ತದೆ. ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಎಂಬ ಪುಟ್ಟ ಭಾಗ, ಬಂದ ಸದ್ದನ್ನೋ ಮುಖವನ್ನೋ ಹಿಂದೆ ನೋವು ತಂದ ಸಂಗತಿಗಳೊಡನೆ ತಾಳೆ ನೋಡಿ, ನಮಗೆ ವಿಷಯ ಪೂರ್ತಿ ಅರ್ಥವಾಗುವ ಮುನ್ನವೇ, ಮಿದುಳಿನಲ್ಲಿ ದೇಹದ ಒಳಗೆಲಸಗಳನ್ನು ನೋಡಿಕೊಳ್ಳುವ ಹೈಪೊಥಲಾಮಸ್‌ಗೆ ಸುದ್ದಿ ಮುಟ್ಟಿಸಬಲ್ಲದು. ಅಲ್ಲಿಂದ ಸಿಂಪಥೆಟಿಕ್ ನರಗಳ ಮೂಲಕ ಸಂಕೇತ ಹೊರಟು, ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳ ಒಳತಿರುಳು ಕೆಲವೇ ಕ್ಷಣಗಳಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಹಾರ್ವರ್ಡ್‌ನ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿಯೇ ಈ ಸಿದ್ಧತೆಯನ್ನು ವಿವರಿಸಿದ್ದರು. ನೀವು ಪಟ್ಟಿ ಮಾಡಿರುವ ಒಂದೊಂದು ಲಕ್ಷಣಕ್ಕೂ ಇಲ್ಲಿ ಒಂದು ಕೆಲಸವಿದೆ: ಎದೆ ಹೊಡೆದುಕೊಳ್ಳುವುದು ಸ್ನಾಯುಗಳಿಗೆ ಹೆಚ್ಚು ರಕ್ತ ಕಳಿಸಲು, ಜಠರಕ್ಕೆ ಹೋಗಬೇಕಾದ ರಕ್ತ ಕೈಕಾಲುಗಳ ಕಡೆಗೆ ತಿರುಗಿದ್ದರಿಂದ ಹೊಟ್ಟೆಯಲ್ಲಿ ಕಳವಳ, ಊಟ ಅರಗಿಸುವ ಹೊತ್ತು ಇದಲ್ಲವಾದ್ದರಿಂದ ಬಾಯಿ ಒಣಗುವುದು. ದೇಹ ಕೆಟ್ಟಿಲ್ಲ. ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ, ಆದರೆ ತಪ್ಪು ಅಂದಾಜಿನ ಮೇಲೆ ಮಾಡುತ್ತಿದೆ.

ಮೆಸೇಜಿನ ಸದ್ದಿಗೆ ಓಡಬೇಕಾದ ಅಗತ್ಯವೇನಿದೆ ಎಂದು ನೀವು ಕೇಳಬಹುದು. ಗುಂಪಿನಲ್ಲಿ ಬಾಳುವ ಪ್ರಾಣಿಗೆ ಗುಂಪಿನ ಅಸಮ್ಮತಿಯೂ ಅಪಾಯವೇ. ಹಿಂದೊಮ್ಮೆ ನಾಲ್ಕು ಜನರ ಮುಂದೆ ಅವಮಾನವಾಗಿದ್ದರೆ, ಗದರಿಕೆ ಫೋನಿನಲ್ಲಿಯೇ ಬಂದಿದ್ದರೆ, ನರವ್ಯೂಹ ಆ ಸದ್ದನ್ನೂ ಆ ಸನ್ನಿವೇಶವನ್ನೂ ನೋವಿನೊಡನೆ ಸೇರಿಸಿ ಗಂಟು ಹಾಕಿಕೊಂಡಿರುತ್ತದೆ.

ಅಡ್ರಿನಲಿನ್ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಆದರೆ ಅದರ ಹಿಂದೆಯೇ ನಿಧಾನವಾದ ಇನ್ನೊಂದು ಅಲೆ ಹೊರಟಿರುತ್ತದೆ. ಹೈಪೊಥಲಾಮಸ್ ಪಿಟ್ಯೂಟರಿ ಗ್ರಂಥಿಗೆ, ಪಿಟ್ಯೂಟರಿ ಅಡ್ರಿನಲ್‌ನ ಹೊರಪದರಕ್ಕೆ ಸಂದೇಶ ಕಳಿಸಿ, ಅಲ್ಲಿಂದ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಹೊರಬರುತ್ತದೆ. ಒತ್ತಡ ಶುರುವಾಗಿ ಸುಮಾರು 20ರಿಂದ 30 ನಿಮಿಷಗಳಾದ ಮೇಲೆ ಅದರ ಮಟ್ಟ ತುತ್ತತುದಿಗೆ ಏರುತ್ತದೆ. ಎರಡು ನಿಮಿಷದ ಫೋನ್ ಮಾತು ಮುಗಿದು ಅರ್ಧ ಗಂಟೆಯಾದರೂ ಮನಸ್ಸು ಕೆಲಸಕ್ಕೆ ನಿಲ್ಲದಿರುವುದರಲ್ಲಿ ಇದರ ಪಾಲೂ ಇದೆ. ಇತ್ತೀಚೆಗೆ ಕಾರ್ಟಿಸಾಲನ್ನು ವಿಷವೆಂಬಂತೆ ಚಿತ್ರಿಸುವ ಬರಹಗಳು ಹೆಚ್ಚಾಗಿವೆ, ಅದು ಸರಿಯಲ್ಲ. ಬೆಳಗ್ಗೆ ಎಚ್ಚರಗೊಳ್ಳುವ ಹೊತ್ತಿಗೆ ಅದು ಸಹಜವಾಗಿಯೇ ಏರಿರುತ್ತದೆ, ದಿನದ ಕೆಲಸಕ್ಕೆ ಬೇಕಾದ ಸಕ್ಕರೆಯನ್ನು ರಕ್ತಕ್ಕೆ ಒದಗಿಸುತ್ತದೆ. ಸಾಲದ್ದಕ್ಕೆ ಅದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ಏರ್ಪಾಡೂ ಇದೆ: 1968ರಲ್ಲಿ ಬ್ರೂಸ್ ಮೆಕ್‌ಇವೆನ್ ಮತ್ತು ಸಂಗಡಿಗರು ಇಲಿಗಳ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ, ಅಂದರೆ ನೆನಪನ್ನು ಕಟ್ಟುವ ಭಾಗ, ಈ ಬಗೆಯ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುತ್ತದೆಂದು ತೋರಿಸಿದರು. ‘ಸಾಕು’ ಎಂಬ ಸಂಕೇತ ಹೊರಡುವ ಕಡೆಗಳಲ್ಲಿ ಅದೂ ಒಂದು. ತೊಂದರೆ ಹುಟ್ಟುವುದು ಈ ‘ಸಾಕು’ ಎಂಬುದಕ್ಕೆ ಬಿಡುವೇ ಸಿಗದಾಗ. ತಿಂಗಳುಗಟ್ಟಲೆ ಒತ್ತಡ ಇಳಿಯದಿದ್ದರೆ ನಿದ್ದೆ, ರಕ್ತದೊತ್ತಡ, ರೋಗನಿರೋಧಕ ಶಕ್ತಿ, ನೆನಪು ಎಲ್ಲವೂ ಬೆಲೆ ತೆರುತ್ತವೆ. ಹೀಗೆ ಕೂಡುತ್ತ ಹೋಗುವ ಸವೆತಕ್ಕೆ ಮೆಕ್‌ಇವೆನ್ ಮತ್ತು ಎಲಿಯಟ್ ಸ್ಟೆಲ್ಲರ್ 1993ರಲ್ಲಿ ‘ಅಲೊಸ್ಟಾಟಿಕ್ ಲೋಡ್’ ಎಂದು ಹೆಸರಿಟ್ಟರು. ಹೊಂದಿಕೊಳ್ಳುವುದಕ್ಕಾಗಿ ದೇಹ ಹೊರುವ ಭಾರ ಎಂದು ಅದನ್ನು ತಿಳಿಯಬಹುದು.

ಇನ್ನು ಇಳಿಸುವ ನರದ ಮಾತು. ಮಿದುಳಿನ ಕಾಂಡದಿಂದ ಹೊರಟು ಎದೆ, ಹೊಟ್ಟೆಗಳವರೆಗೂ ಹಬ್ಬಿರುವ ವೇಗಸ್, ಪ್ಯಾರಾಸಿಂಪಥೆಟಿಕ್ ಶಾಖೆಯ ಮುಖ್ಯ ನರ, ಹೃದಯದ ಕಡಿವಾಣವಿದ್ದಂತೆ. ನರಗಳ ಹಿಡಿತವೇ ಇಲ್ಲದಿದ್ದರೆ ವಯಸ್ಕರ ಹೃದಯ ತನ್ನಷ್ಟಕ್ಕೆ ನಿಮಿಷಕ್ಕೆ ಸುಮಾರು 100 ಬಾರಿ ಬಡಿಯುತ್ತದೆ. ಸುಮ್ಮನೆ ಕುಳಿತಾಗ ಅದು 70ರ ಆಸುಪಾಸಿನಲ್ಲಿ ಇರುವುದು ಈ ನರ ಸದಾ ಹಿಡಿದು ನಿಲ್ಲಿಸುವುದರಿಂದ. 1921ರಲ್ಲಿ ಆಟೊ ಲೋವಿ ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿ, ಅದು ನಿಧಾನವಾದಾಗ ಅದರಲ್ಲಿದ್ದ ದ್ರವವನ್ನು ತೆಗೆದು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಆ ಎರಡನೆಯ ಹೃದಯವೂ ನಿಧಾನವಾಯಿತು. ನರಗಳು ರಾಸಾಯನಿಕದ ಮೂಲಕ ಮಾತನಾಡುತ್ತವೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ, ಮತ್ತು ಅವರಿಗೆ 1936ರಲ್ಲಿ ಹೆನ್ರಿ ಡೇಲ್ ಅವರೊಡನೆ ನೊಬೆಲ್ ಬಂದಿತು. ಉಸಿರನ್ನು ಒಳಗೆಳೆದುಕೊಳ್ಳುವಾಗ ಈ ಕಡಿವಾಣ ತುಸು ಸಡಿಲವಾಗಿ ಬಡಿತ ಹೆಚ್ಚುತ್ತದೆ, ಬಿಡುವಾಗ ಬಿಗಿಯಾಗಿ ಬಡಿತ ಇಳಿಯುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿದರೆ ಹಲವರಿಗೆ ಇದು ಬೆರಳಿಗೇ ಗೊತ್ತಾಗುತ್ತದೆ. ಆದ್ದರಿಂದ ಫೋನ್ ಎತ್ತುವ ಮುನ್ನ ನಾಲ್ಕೈದು ಬಾರಿ ಉಸಿರನ್ನು ದೀರ್ಘವಾಗಿ ಬಿಡುವುದು ನಿಜಕ್ಕೂ ಉಪಯೋಗದ ಕೆಲಸ. ಆದರೆ ಅದು ಆ ಗಳಿಗೆಯ ಏರುವೇಗವನ್ನು ತಗ್ಗಿಸುತ್ತದೆಯೇ ಹೊರತು ಒಳಗಿನ ಅಂದಾಜನ್ನು ತಿದ್ದುವುದಿಲ್ಲ. ವೇಗಸ್ ನರವನ್ನು ಐದು ನಿಮಿಷದಲ್ಲಿ ‘ರೀಸೆಟ್’ ಮಾಡುತ್ತೇವೆನ್ನುವವರ ಮಾತನ್ನು ನಂಬಿ ನಿರಾಶರಾಗಬೇಡಿ.

ಅಂದಾಜು ತಿದ್ದುಪಡಿಯಾಗುವುದು ಹೇಗೆ? ಈ ಪ್ರಶ್ನೆಗೆ ವಿಜ್ಞಾನದ ಅತ್ಯುತ್ತಮ ಉತ್ತರಗಳಲ್ಲೊಂದು, ಐವತ್ತು ವರ್ಷ ತಲೆಕೆಳಗಾಗಿ ಅರ್ಥವಾಗಿದ್ದ ಪ್ರಯೋಗವೊಂದರಿಂದ ಬಂದಿದೆ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್, ಏನು ಮಾಡಿದರೂ ನಿಲ್ಲಿಸಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳು ಮುಂದೆ ತಪ್ಪಿಸಿಕೊಳ್ಳಲು ಸುಲಭದ ದಾರಿಯಿದ್ದರೂ ಸುಮ್ಮನೆ ಬಿದ್ದುಕೊಳ್ಳುತ್ತವೆಂದೂ, ಅಷ್ಟೇ ಆಘಾತವನ್ನು ತಾವೇ ನಿಲ್ಲಿಸಬಲ್ಲ ಸ್ಥಿತಿಯಲ್ಲಿದ್ದ ನಾಯಿಗಳು ಹಾಗಾಗುವುದಿಲ್ಲವೆಂದೂ ಕಂಡುಕೊಂಡರು. ಇಂದು ಓದಿದರೆ ಮನಸ್ಸಿಗೆ ನೋವಾಗುವ ಪ್ರಯೋಗ ಅದು. ನಾಯಿಗಳು ಅಸಹಾಯಕತೆಯನ್ನು ‘ಕಲಿತವು’ ಎಂದು ಆಗ ಭಾವಿಸಲಾಯಿತು. ಮೇಯರ್ ಮುಂದೆ ನರವಿಜ್ಞಾನವನ್ನು ಕೈಗೆತ್ತಿಕೊಂಡು ಇಲಿಗಳ ಮಿದುಳನ್ನು ದಶಕಗಟ್ಟಲೆ ಪರಿಶೀಲಿಸಿದರು. 2016ರಲ್ಲಿ ಅವರಿಬ್ಬರೂ ತಮ್ಮ ಸಿದ್ಧಾಂತವನ್ನು ತಾವೇ ತಿರುವಿ ಹಾಕಿದರು. ದೀರ್ಘ ಆಘಾತಕ್ಕೆ ಸೋತು ಕೂರುವುದು ಮಿದುಳಿನ ಕಾಂಡದಿಂದ ತಾನಾಗಿ ಬರುವ ಪ್ರತಿಕ್ರಿಯೆ, ಅದನ್ನು ಕಲಿಯಬೇಕಿಲ್ಲ. ಕಲಿಯಬೇಕಾದದ್ದು ‘ನಾನು ಮಾಡಿದ್ದರಿಂದ ಪರಿಣಾಮವಾಯಿತು’ ಎಂಬುದನ್ನು. ಹಾಗೆ ಹಿಡಿತ ಸಿಕ್ಕಿದ್ದನ್ನು ಹಣೆಯ ಹಿಂದಿನ ಮಿದುಳಿನ ಭಾಗ ಗುರುತಿಸಿದಾಗ, ಅದು ಕಾಂಡದ ಆ ಸೋಲಿನ ಸಂಕೇತವನ್ನು ತಡೆಯುತ್ತದೆ. ಒಮ್ಮೆ ಹಿಡಿತದ ಅನುಭವ ಪಡೆದ ಇಲಿಗಳು ಮುಂದೆ ಹಿಡಿತವಿಲ್ಲದ ಆಘಾತಕ್ಕೆ ಸಿಕ್ಕಿದಾಗಲೂ ಅಷ್ಟು ಸುಲಭವಾಗಿ ಕುಸಿಯಲಿಲ್ಲ.

ಎದೆ ಹೊಡೆದುಕೊಳ್ಳುವವರಲ್ಲಿ ಸ್ಥೈರ್ಯವಿಲ್ಲ ಎಂಬ ತೀರ್ಮಾನ ಎಷ್ಟೋ ಜನರನ್ನು ಅನ್ಯಾಯವಾಗಿ ಕುಗ್ಗಿಸಿದೆ. ಒತ್ತಡ ಏರುವುದು ಎಲ್ಲರಿಗೂ ಇದ್ದದ್ದೇ. ಏರಿದ್ದು ಎಷ್ಟು ಬೇಗ ಇಳಿಯುತ್ತದೆ, ಏರಿರುವಾಗಲೂ ಒಂದು ಹೆಜ್ಜೆ ಇಡಲು ಸಾಧ್ಯವೇ ಎಂಬುದರಲ್ಲಿ ಸ್ಥೈರ್ಯವಿದೆ.

ಇಲ್ಲಿಂದ ನಿಮಗೆ ದಕ್ಕುವ ದಾರಿ ಹೀಗಿದೆ. ಫೋನ್ ರಿಂಗಾದಾಗ ಎತ್ತದೆ ಬಿಟ್ಟರೆ ಆ ಕ್ಷಣಕ್ಕೆ ದೊಡ್ಡ ನೆಮ್ಮದಿ ಸಿಗುತ್ತದೆ, ಆದರೆ ಆ ನೆಮ್ಮದಿಯಿಂದಲೇ ನರವ್ಯೂಹ ‘ಎತ್ತದ್ದರಿಂದ ಉಳಿದೆ’ ಎಂದು ಬರೆದುಕೊಳ್ಳುತ್ತದೆ. ಎತ್ತಿ, ಎದೆ ಬಡಿಯುತ್ತಿರುವಾಗಲೇ ಎರಡು ಮಾತಾಡಿ, ನೀವು ಊಹಿಸಿದ ಕೆಡುಕು ಆಗಲಿಲ್ಲವೆಂದು ಕಂಡಾಗ ಮಾತ್ರ ಅದಕ್ಕೆ ಹೊಸ ಸಾಕ್ಷ್ಯ ಸಿಗುತ್ತದೆ. ಸಾಕ್ಷ್ಯ ಸಿಕ್ಕಿದರೂ ಹಳೆಯ ಬರಹ ಅಳಿಸಿಹೋಗುವುದಿಲ್ಲ. ಊಟದ ಸೂಚನೆ ಸಿಕ್ಕಿದೊಡನೆ ಜೊಲ್ಲು ಸುರಿಸುವಂತೆ ನಾಯಿಗಳನ್ನು ಪಳಗಿಸಿದ ರಷ್ಯಾದ ಶರೀರವಿಜ್ಞಾನಿ ಪಾವ್ಲೋವ್ ಆ ನಾಯಿಗಳಲ್ಲಿಯೇ ಇದನ್ನು ಗಮನಿಸಿದ್ದರು: ನಂದಿಹೋದಂತೆ ಕಂಡ ಪ್ರತಿಕ್ರಿಯೆ ಕೆಲಕಾಲದ ಬಿಡುವಿನ ನಂತರ ತಾನಾಗಿ ಮರಳುತ್ತಿತ್ತು. ಹಳೆಯ ಭಯದ ಪಕ್ಕದಲ್ಲಿ ‘ಇಲ್ಲಿ ಅಪಾಯವಿಲ್ಲ’ ಎಂಬ ಎರಡನೆಯ ನೆನಪು ಬೆಳೆಯುತ್ತದೆ, ಮತ್ತು ಈ ಎರಡನೆಯದು ಕಲಿತ ಸ್ಥಳಕ್ಕೂ ಸಂದರ್ಭಕ್ಕೂ ಹೆಚ್ಚು ಅಂಟಿಕೊಂಡಿರುತ್ತದೆ. ಆದುದರಿಂದ ಸಹಿಸಬಹುದಾದಷ್ಟು ಚಿಕ್ಕದಾಗಿ ಆರಂಭಿಸಿ, ಮತ್ತೆಮತ್ತೆ ಮಾಡಿ, ಬೇರೆ ಬೇರೆ ಕಡೆ ಮಾಡಿ: ಒಬ್ಬರ ಮುಂದೆ, ಮೂವರ ಮುಂದೆ, ಪರಿಚಿತರಲ್ಲಿ, ಅಪರಿಚಿತರಲ್ಲಿ. ಮಿತಿಮೀರಿದ ಒತ್ತಡಕ್ಕೆ ಒಮ್ಮೆಲೇ ಧುಮುಕಿ, ನಡುವೆಯೇ ಓಡಿಬಂದರೆ ಹಳೆಯ ಅಂದಾಜಿಗೇ ಬಲ ಬರುತ್ತದೆ. ಹೊಸ ಕಲಿಕೆ ಗಟ್ಟಿಯಾಗುವುದರಲ್ಲಿ ನಿದ್ದೆಗೆ ದೊಡ್ಡ ಪಾಲಿದೆ. ನಿದ್ದೆಗೆಟ್ಟ ಮಿದುಳಿನಲ್ಲಿ ಅಮಿಗ್ಡಲಾ ಹೆಚ್ಚು ಉರಿಯುತ್ತದೆ, ಅದನ್ನು ತಡೆಯುವ ಮುಂಭಾಗದ ಹಿಡಿತ ಸಡಿಲವಾಗುತ್ತದೆ.

ಹುಟ್ಟುಗುಣವೇ ಎಂದು ಕೇಳಿದ್ದೀರಿ. ಒಂದಷ್ಟು ಮಟ್ಟಿಗೆ ಹೌದು. ಹೊಸದಕ್ಕೆ ಬೇಗ ಬೆಚ್ಚುವ ಶಿಶುಗಳೂ ಇವೆ, ಬೆಚ್ಚದ ಶಿಶುಗಳೂ ಇವೆ. ಆದರೆ ಹುಟ್ಟಿನ ಜೊತೆ ಬಂದದ್ದೇ ಕೊನೆಯವರೆಗೂ ಆಳುತ್ತದೆಂದು ಹೇಳಲಾಗದು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ನಡುವಯಸ್ಸಿನವರೆಗೂ ಹಿಂಬಾಲಿಸಿ ನೋಡಿದರು. ಬಡತನ, ಮನೆಯ ಕಲಹ, ಹೆತ್ತವರ ಕಾಯಿಲೆಯಂಥ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿ ಸಮರ್ಥರಾಗಿ, ಪರರ ಬಗ್ಗೆ ಕಾಳಜಿಯುಳ್ಳವರಾಗಿ ಬೆಳೆದರು. ಅವರ ಬಾಳಿನಲ್ಲಿ ಮತ್ತೆಮತ್ತೆ ಕಂಡ ಒಂದು ಅಂಶವೆಂದರೆ, ಅಜ್ಜಿಯೋ ಶಿಕ್ಷಕರೋ ನೆರೆಯವರೋ, ನಂಬಿ ಜೊತೆಗಿದ್ದ ಒಬ್ಬ ಹಿರಿಯರು. ಇನ್ನೊಂದು, ತಮ್ಮ ಕೈಯಲ್ಲಿ ಏನಾದರೂ ಆಗುತ್ತದೆಂಬ ನಂಬಿಕೆ. ಆದ್ದರಿಂದ ಮೇಲೆ ಹೇಳಿದ ಅಭ್ಯಾಸವನ್ನು ಒಬ್ಬರೇ ಹಲ್ಲುಕಚ್ಚಿ ಮಾಡಬೇಕೆಂದಿಲ್ಲ. ಮೊದಲ ಕೆಲವು ಸಲ ನಿಮ್ಮನ್ನು ಅಳೆಯದವರೊಬ್ಬರು ಕೋಣೆಯಲ್ಲಿದ್ದರೆ ಸಾಕಷ್ಟು ಹಗುರವಾಗುತ್ತದೆ.

ಒಂದು ಎಚ್ಚರಿಕೆಯನ್ನು ಬಿಡಲಾರೆ. ಯಾವ ನೆಪವೂ ಇಲ್ಲದೆ ಎದೆ ಬಡಿತ ಏರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ತಲೆಸುತ್ತಿ ಬೀಳುವಂತಾದರೆ ಮೊದಲು ವೈದ್ಯರಲ್ಲಿ ಥೈರಾಯ್ಡ್ ಮತ್ತು ಹೃದಯದ ಪರೀಕ್ಷೆ ಮಾಡಿಸಿಕೊಳ್ಳಿ. ಈ ಲಕ್ಷಣಗಳು ಅಲ್ಲಿಂದಲೂ ಬರಬಹುದು. ಭಯದಿಂದ ಕೆಲಸ, ನಿದ್ದೆ, ಓಡಾಟ ನಿಂತುಹೋಗುವಷ್ಟಾಗಿದ್ದರೆ, ಅಥವಾ ಇದರ ಬೇರು ತೀವ್ರ ಹಿಂಸೆಯ ಅನುಭವದಲ್ಲಿದ್ದರೆ, ಮನೋವೈದ್ಯರ ಅಥವಾ ತರಬೇತಿ ಪಡೆದ ಆಪ್ತಸಮಾಲೋಚಕರ ಜೊತೆಯಲ್ಲಿಯೇ ಈ ಹೆಜ್ಜೆಗಳನ್ನು ಇಡಿ. ಹಾಗಿಲ್ಲವಾದರೆ, ಮುಂದಿನ ಫೋನ್ ಬಂದಾಗ ಎದೆ ಹೊಡೆದುಕೊಂಡಿತೇ ಎಂದು ನೋಡುವ ಬದಲು, ಹೊಡೆದುಕೊಂಡ ಎದೆ ತಹಬಂದಿಗೆ ಬರಲು ಎಷ್ಟು ನಿಮಿಷ ಹಿಡಿಯಿತೆಂದು ಒಂದೆಡೆ ಬರೆದಿಡುತ್ತ ಬನ್ನಿ. ಕೆಲವು ವಾರಗಳ ಅಭ್ಯಾಸದಲ್ಲಿ ಮೊದಲು ಬದಲಾಗುವುದು ಸಾಮಾನ್ಯವಾಗಿ ಆ ಅಂಕಿಯೇ.