ಆರಾಮ: ಸೋಮಾರಿತನದ ಇನ್ನೊಂದು ಹೆಸರಲ್ಲ

ಕೋಚಿಂಗ್ ಸೆಂಟರ್‌ಗಳ ಗೋಡೆಯ ಮೇಲೆ, ಪರೀಕ್ಷೆಗೆ ಓದುವ ಹುಡುಗರ ಮೊಬೈಲ್ ಸ್ಟೇಟಸ್‌ನಲ್ಲಿ ಒಂದು ಥರದ ಸಾಲು ಈಗ ಜಾಸ್ತಿ ಕಾಣುತ್ತಿದೆ. ‘ಆರಾಮ ಬಿಟ್ಟವನಿಗೇ ಗೆಲುವು’, ‘ಗುರಿ ಮೊದಲು, ಆರಾಮ ಆಮೇಲೆ’, ಹೀಗೆ. ಬೇರೆ ಕಡೆ ಬರೆದಿದ್ದರೆ ಹೋಗಲಿ ಅನ್ನಬಹುದಿತ್ತು. ಕಲಬುರಗಿಯಲ್ಲಿ ಕೂತು ಹೀಗೆ ಬರೆಯುವುದು ಹೇಗೆ? ಎದುರಿಗೆ ಸಿಕ್ಕವರನ್ನೆಲ್ಲ ‘ಆರಾಮ್ ಅದೀರೇನ್ರಿ?’ ಎಂದು ಕೇಳುವ ಊರು ಇದು. ಆರಾಮ ಎಂದರೆ ಮೈಗಳ್ಳತನ ಎಂದಾದರೆ, ನಾವು ದಿನಾ ಒಬ್ಬರಿಗೊಬ್ಬರು ಏನು ಕೇಳುತ್ತಿದ್ದೇವೆ?

ನಮ್ಮ ಕಡೆ ‘ಆರಾಮಿಲ್ಲ’ ಎಂದರೆ ಬಿಡುವಿಲ್ಲ ಎಂದಲ್ಲ, ಮೈ ಚೆನ್ನಾಗಿಲ್ಲ ಎಂದು. ಜ್ವರ ಬಿಟ್ಟರೆ ‘ಆರಾಮಾಯ್ತು’ ಅನ್ನುತ್ತೇವೆ. ಅಂದರೆ ಆರಾಮದ ಎದುರು ಪದ ಕೆಲಸ ಅಲ್ಲವೇ ಅಲ್ಲ, ಕಾಯಿಲೆ. ಬೆಂಗಳೂರು, ಮೈಸೂರು ಕಡೆಯವರು ಇದೇ ಜಾಗದಲ್ಲಿ ‘ಹುಷಾರಿಲ್ಲ’ ಅನ್ನುತ್ತಾರೆ. ಹುಷಾರು ಪಾರ್ಸಿಯಿಂದ ಬಂದದ್ದು, ಮೂಲದಲ್ಲಿ ಎಚ್ಚರವಾಗಿರುವವನು ಎಂಬ ಅರ್ಥ. ನಮ್ಮಲ್ಲಿ ಹುಷಾರ್ ಎಂದರೆ ಜಾಣ. ಹಾಗಾಗಿ ‘ನಿಮ್ಮ ಮಗ ಹುಷಾರಿಲ್ಲ’ ಎಂದು ಬೀದರಿನಲ್ಲಿ ಯಾರಾದರೂ ಅಂದರೆ ತಾಯಿಗೆ ಸಿಟ್ಟೇ ಬರುತ್ತದೆ. ಬೆಂಗಳೂರು, ಮೈಸೂರಿನವರು ಆರೋಗ್ಯವನ್ನು ಎಚ್ಚರದಿಂದ ಅಳೆದರು, ನಾವು ನೆಮ್ಮದಿಯಿಂದ ಅಳೆದೆವು. ನನಗೆ ನಮ್ಮ ಅಳತೆಯೇ ಹೆಚ್ಚು ಸರಿ ಅನಿಸುತ್ತದೆ.

ಇನ್ನು ಪದದ ಹುಟ್ಟು. ಆರಾಮ ‘ಉರ್ದು ಪದ’, ಅದರ ಬದಲು ‘ವಿಶ್ರಾಂತಿ’ ಬಳಸಿ ಎಂದು ತಿದ್ದುವವರಿದ್ದಾರೆ. ಅರ್ಧ ನಿಜ. 1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು, 15ನೇ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ದರ್ಬಾರಿನ ಭಾಷೆ ಪಾರ್ಸಿ. ಆಮೇಲೆ ನಿಜಾಮರ ಕಾಲದ ಉರ್ದು, 1948ರವರೆಗೆ. ನಮ್ಮ ಬಾಯಲ್ಲಿರುವ ಆರಾಮ ಈ ದಾರಿಯಲ್ಲೇ ಬಂದದ್ದು. ಕಾಯಿಲೆ ವಾಸಿಯಾದಾಗ ಆರಾಮ ಅನ್ನುವುದು ಉರ್ದುವಿನಲ್ಲೂ ಇದೆ.

ಆದರೆ ಸಂಸ್ಕೃತದಲ್ಲೂ ಒಂದು ಆರಾಮ ಇದೆ. ಹಳಗನ್ನಡದ ಕವಿಗಳಿಗೂ ಅದು ಗೊತ್ತಿತ್ತು. ಅಲ್ಲಿ ಆರಾಮ ಎಂದರೆ ತೋಟ, ಉದ್ಯಾನ. ಎರಡೂ ಆಕಸ್ಮಿಕವಾಗಿ ಒಂದೇ ಥರ ಕೇಳಿಸುವ ಪದಗಳಲ್ಲ. ಸಂಸ್ಕೃತ, ಪಾರ್ಸಿ ಎರಡೂ ಒಂದೇ ಹಳೆಯ ಮನೆತನದ ಭಾಷೆಗಳು. ಎರಡರಲ್ಲೂ ಧಾತು ‘ರಮ್’. ಈಗ ರಮಿಸು ಎಂದರೆ ಸುಖಪಡು ಎಂದಷ್ಟೇ ನಮಗೆ ಗೊತ್ತು. ವೇದದ ಕಾಲದಲ್ಲಿ ಇದರ ಮೊದಲ ಅರ್ಥ ನಿಲ್ಲು, ತಡೆದು ನಿಲ್ಲು, ನೆಲೆಗೊಳ್ಳು. ಸುಖ ಆಮೇಲೆ ಸೇರಿದ್ದು. ವಿರಾಮ, ಅಲ್ಪವಿರಾಮ, ಪೂರ್ಣವಿರಾಮ ಇವುಗಳಲ್ಲಿ ಆ ಹಳೆಯ ನಿಲುಗಡೆ ಇನ್ನೂ ಇದೆ. ಇರಾನಿನ ಕಡೆಯ ಹಳೆಯ ಭಾಷೆಯಾದ ಅವೆಸ್ತಾದಲ್ಲಿ ‘ರಾಮನ್’ ಎಂದರೆ ಶಾಂತಿ.

ನಿಲ್ಲುವುದಕ್ಕೂ ತೋಟಕ್ಕೂ ಏನು ಸಂಬಂಧ? ಬೌದ್ಧ ಭಿಕ್ಷುಗಳ ವಸತಿಗೆ ‘ಸಂಘಾರಾಮ’ ಎಂಬ ಹೆಸರಿತ್ತು. ಭಿಕ್ಷುಗಳು ಊರೂರು ತಿರುಗುವವರು. ಮಳೆಗಾಲದಲ್ಲಿ ಮಾತ್ರ ಒಂದೇ ಕಡೆ ತಂಗಬೇಕು ಎಂಬ ನೇಮ ಅವರಿಗಿತ್ತು, ಅದಕ್ಕೆ ವರ್ಷಾವಾಸ ಎನ್ನುತ್ತಾರೆ. ತಂಗಲು ಭಕ್ತರು ತೋಟ ದಾನ ಕೊಡುತ್ತಿದ್ದರು. ತೋಟ, ತಂಗುವ ಜಾಗ, ನೆಮ್ಮದಿ ಮೂರೂ ಒಂದೇ ಪದದಲ್ಲಿ ಕೂಡಿಕೊಂಡದ್ದು ಇಲ್ಲಿ ಕಾಣುತ್ತದೆ. ನಮ್ಮದೇ ಜಿಲ್ಲೆಯಲ್ಲಿ, ಭೀಮಾ ದಂಡೆಯ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ದೊಡ್ಡ ಸ್ತೂಪವೇ ಇದೆ. ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿದ್ದು ಅಲ್ಲೇ. ಬಹಮನಿಗಳು ಬರುವುದಕ್ಕೆ ಸಾವಿರ ವರ್ಷಕ್ಕೂ ಮೊದಲಿನ ಮಾತಿದು. ಆರಾಮ ಹೊರಗಿನ ಪದ ಅನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಲಿ.

ಈಗ ‘ವಿಶ್ರಾಂತಿ’ಯನ್ನು ನೋಡಿ. ಅದರ ಧಾತು ‘ಶ್ರಮ್’, ದಣಿ ಎಂದು. ಶ್ರಮ, ಪರಿಶ್ರಮ, ಶ್ರಮಣ ಎಲ್ಲ ಅದರಿಂದಲೇ. ವಿಶ್ರಾಂತಿ ಎಂದರೆ ದಣಿವು ಇಳಿಯುವುದು. ಇಳಿಯಬೇಕಾದರೆ ಮೊದಲು ದಣಿದಿರಬೇಕು, ಅಲ್ವಾ? ಆ ಪದಕ್ಕೆ ದಣಿವು ಬೇಕೇಬೇಕು. ಆರಾಮಕ್ಕೆ ಬೇಡ. ದಣಿಯದವನೂ ಆರಾಮ ಇರಬಹುದು, ಕೆಲಸ ಮಾಡುತ್ತಲೇ ಆರಾಮ ಇರಬಹುದು. ‘ಆರಾಮ್ಸೆ ಮಾಡ್ರಿ’ ಎಂದರೆ ಮಾಡಬೇಡಿ ಎಂದಲ್ಲ, ಗಾಬರಿ ಇಲ್ಲದೆ ಮಾಡಿ ಎಂದು. ಈ ವ್ಯತ್ಯಾಸ ಮರೆತದ್ದೇ ಎಲ್ಲ ಗೊಂದಲದ ಮೂಲ. ವಿಶ್ರಾಂತಿಯನ್ನು ಮುಂದಕ್ಕೆ ಹಾಕಬಹುದು. ಇವತ್ತು ರಾತ್ರಿ ಓದಿ ನಾಳೆ ಮಲಗಬಹುದು. ಆರಾಮವನ್ನು ‘ಸೀಟು ಸಿಕ್ಕ ಮೇಲೆ’, ‘ನೌಕರಿ ಆದ ಮೇಲೆ’ ಎಂದು ಮುಂದಕ್ಕೆ ಹಾಕಿದರೆ, ಅಲ್ಲಿಯವರೆಗೂ ಆರಾಮಿಲ್ಲದೆ ಇರುತ್ತೇನೆ ಎಂದ ಹಾಗೆ. ನಮ್ಮ ಭಾಷೆಯಲ್ಲಿ ಅದರ ಅರ್ಥ ಏನೆಂದು ಮೇಲೆ ಹೇಳಿದ್ದೇನೆ. ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಇಲ್ಲಿನ ಮನೆಮನೆಯಲ್ಲೂ ಸರ್ಕಾರಿ ನೌಕರಿಯ ಹಂಬಲ ಹೆಚ್ಚಿದೆ. ಒಳ್ಳೆಯದೇ. ಹಂಬಲ ಇರಬೇಕು. ಆದರೆ ಹಂಬಲ ಇದ್ದವನು ವರ್ಷಗಟ್ಟಲೆ ಆರಾಮ ಕಳೆದುಕೊಂಡಿರಬೇಕು ಎಂದು ಯಾರು ಹೇಳಿದರು?

ಹೇಳಿದ್ದು ಬಹುಶಃ ‘ಆರಾಮ್ ಹರಾಮ್ ಹೈ’ ಎಂಬ ಘೋಷಣೆ. ನೆಹರೂ ಅವರ ಹೆಸರಿನ ಜೊತೆ ಬೆಸೆದುಕೊಂಡ ಈ ಮಾತು ದೇಶ ಕಟ್ಟುವ ಉತ್ಸಾಹದ ಕಾಲದ್ದು, ಆ ಕಾಲಕ್ಕೆ ಅದರ ಕೆಲಸ ಅದು ಮಾಡಿತು. ಆದರೆ ಪ್ರಾಸ ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಎರಡೂ ಪದಗಳಿಗೆ ನಂಟಿದೆ ಎಂದೇ ಜನ ನಂಬಿದ್ದಾರೆ. ಏನೂ ನಂಟಿಲ್ಲ. ಹರಾಮ್ ಅರಬ್ಬಿ ಪದ, ನಿಷೇಧಿಸಿದ್ದು ಎಂದರ್ಥ. ಅದರ ಧಾತುವೇ ಬೇರೆ.

ಆರಾಮಕ್ಕೂ ಖಾಲಿ ಕೂಡುವುದಕ್ಕೂ ಇರುವ ದೂರ ತಿಳಿಯಬೇಕಾದರೆ ಎಳ್ಳ ಅಮಾವಾಸ್ಯೆ ದಿನ ಹೊಲಕ್ಕೆ ಹೋಗಬೇಕು. ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ, ಹೊಲದಲ್ಲಿ ಕೆಲಸ ಇಲ್ಲ ಎಂದೇನಿಲ್ಲ. ಆದರೂ ಅವತ್ತು ಮನೆಮಂದಿ, ಬೀಗರು, ನೆರೆಯವರು ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ (ಅಡುಗೆಯನ್ನು ಭೂಮಿತಾಯಿಗೆ ನೈವೇದ್ಯವಾಗಿ ಹೊಲದಲ್ಲಿ ಚೆಲ್ಲಿ), ಅಲ್ಲೇ ಕೂತು ಉಂಡು ಸಂಜೆಗೆ ಬರುತ್ತಾರೆ. ಇಡೀ ವರ್ಷ ದುಡಿಯುವ ಜಾಗದಲ್ಲೇ ಒಂದು ದಿನ ಸುಮ್ನೆ ಇರುವುದು. ಬೆಳೆಯನ್ನು ರೈತ ಅವತ್ತು ನೋಡುವಷ್ಟು ನಿಧಾನವಾಗಿ ಬೇರೆ ದಿನ ನೋಡುವುದಿಲ್ಲ. ಊಟ ಮಾಡುತ್ತಾ ಮೊಬೈಲ್ ತೀಡುವವನು ಅದೇ ಹೊಲದಲ್ಲಿ ಕೂತಿದ್ದರೂ ಅವನಿಗೆ ಸಿಕ್ಕಿದ್ದು ವಿಶ್ರಾಂತಿ ಮಾತ್ರ. ಮೈ ನಿಂತಿದೆ, ಮನಸ್ಸು ಇನ್ನೂ ಓಡುತ್ತಿದೆ. ರಮ್ ಧಾತುವಿನ ‘ನಿಲ್ಲು’ ಅಲ್ಲಿ ಆಗಲೇ ಇಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ಹೊರಗಿನಿಂದ ಬಂದವರು ‘ನಿಮಗೇನು, ಅರ್ಧ ದಿನ ಆರಾಮ’ ಅನ್ನುತ್ತಾರೆ. ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ ಅವರು ಒಮ್ಮೆ ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ನಡೆಯಲಿ. ಬಿಸಿಲಿಗೆ ತಕ್ಕಂತೆ ಕೆಲಸದ ವೇಳೆ ಬದಲಿಸುವುದು ಕೆಲಸ ತಪ್ಪಿಸುವುದಲ್ಲ. ನರೇಗಾ (ಉದ್ಯೋಗ ಖಾತ್ರಿ) ಕೂಲಿಯವರಿಗೂ ಬೇಸಿಗೆಯಲ್ಲಿ ಕೆಲಸದ ಅಳತೆಗೆ ರಿಯಾಯಿತಿ ಕೊಟ್ಟದ್ದುಂಟು.

ಇದೆಲ್ಲ ಆಯ್ಕೆ ಇರುವವರ ಮಾತಾಯಿತು. ಯಾದಗಿರಿಯ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡುವವರಿಗೆ ‘ಆರಾಮ ಬಿಡಿ’ ಎಂಬ ಉಪದೇಶ ಬೇಕಿಲ್ಲ, ‘ಆರಾಮ ತಗೊಳ್ಳಿ’ ಎಂಬುದೂ ಅವರ ಕೈಗೆ ಎಟುಕುವುದಿಲ್ಲ. ಊರಿಂದ ಫೋನ್ ಬಂದಾಗ ಮೊದಲ ಪ್ರಶ್ನೆ ‘ಆರಾಮ್ ಅದೀಯೇನಪಾ?’ ಎಂದೇ. ಮೈ ನೋಯುತ್ತಿದ್ದರೂ ‘ಹ್ಞೂಂ, ಆರಾಮ್’ ಅನ್ನುತ್ತಾರೆ, ಮನೆಯವರು ಚಿಂತೆ ಮಾಡಬಾರದು ಎಂದು. ಮರುದಿನ ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ. ಕೂಲಿ ಕಟ್ಟಾಗದೆ ವಾರಕ್ಕೊಂದು ದಿನ ರಜೆ, ಮಧ್ಯಾಹ್ನಕ್ಕೊಂದು ನೆರಳು, ಕುಡಿಯಲು ನೀರು, ಇಷ್ಟನ್ನು ಗುತ್ತಿಗೆದಾರರು ಮೊದಲು ಕೊಡಬೇಕು.