ಎರಡಡಿಯ ಪಟ್ ಮತ್ತು ಸೋತವರ ಸಿಟ್ಟು

ದೇಶ ದೇಶಗಳ ತಂಡಗಳ ನಡುವಿನ ಗಾಲ್ಫ್ ಪಂದ್ಯವೊಂದು ಮುಗಿದ ಮರುದಿನ ನನಗೆ ಬರುವ ಫೋನ್ ಕರೆಗಳಲ್ಲಿ ಮಾತು ಬೇರೆ ಬೇರೆಯಾಗಿದ್ದರೂ ದೂರು ಒಂದೇ ಆಗಿರುತ್ತದೆ. ‘ಚೆಂಡು ಕುಳಿಯ ಬಾಯಲ್ಲೇ ಇತ್ತು ಸಾರ್, ಅದನ್ನೂ ಬಿಟ್ಟುಕೊಡಲಿಲ್ಲ. ಇದೆಂಥ ಕ್ರೀಡಾ ಮನೋಭಾವ?’ ಹೀಗೆ ಕೇಳುವವರು ಯಾವಾಗಲೂ ಸೋತ ತಂಡದ ಕಡೆಯವರು. ಗೆದ್ದ ತಂಡದ ಅಭಿಮಾನಿಯೊಬ್ಬ, ತನ್ನವನು ಅಷ್ಟು ಚಿಕ್ಕ ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಬಿಟ್ಟುಕೊಡದೆ ತಪ್ಪು ಮಾಡಿದನೆಂದು ಕೊರಗಿದ್ದನ್ನು ಮ್ಯಾಚ್ ಪ್ಲೇ ರೆಫರಿಯಾಗಿ ದುಡಿದ ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿಲ್ಲ.

ಗೊಂದಲಕ್ಕೆ ಕಾರಣವಿಲ್ಲದಿಲ್ಲ. ವಾರ ವಾರ ಟಿವಿಯಲ್ಲಿ ಕಾಣುವ ಗಾಲ್ಫ್ ಬಹುಪಾಲು ಸ್ಟ್ರೋಕ್ ಪ್ಲೇ, ಅಂದರೆ ಎಲ್ಲ ಹೊಡೆತಗಳನ್ನೂ ಎಣಿಸಿ ಕಡಿಮೆ ಹೊಡೆದವನನ್ನು ಗೆದ್ದವನೆನ್ನುವ ಆಟ. ಅಲ್ಲಿ ಬಿಟ್ಟುಕೊಡುವುದೆಂಬುದೇ ಇಲ್ಲ. ಒಂದು ಇಂಚಿನ ಪಟ್ ಆದರೂ ಚೆಂಡು ಕುಳಿಗೆ ಬೀಳಲೇಬೇಕು. ಅಮೆರಿಕ ಮತ್ತು ಯುರೋಪಿನ ಪುರುಷರ ತಂಡಗಳ ರೈಡರ್ ಕಪ್, ಮಹಿಳೆಯರ ತಂಡಗಳ ಸೋಲ್ಹೈಮ್ ಕಪ್, ಇಂಥದೇ ತಂಡ ಸ್ಪರ್ಧೆಯಾದ ಪ್ರೆಸಿಡೆಂಟ್ಸ್ ಕಪ್‌ಗಳಲ್ಲಿ ನಡೆಯುವುದು ಮ್ಯಾಚ್ ಪ್ಲೇ, ಅಂದರೆ ಮೈದಾನದ ಹದಿನೆಂಟು ಹೋಲುಗಳಲ್ಲಿ (ಕುಳಿಗಳಲ್ಲಿ) ಹೆಚ್ಚು ಹೋಲು ಗೆದ್ದವನು ಪಂದ್ಯ ಗೆಲ್ಲುವ ಆಟ. ಇಲ್ಲಿ ಎದುರಾಳಿ ‘ಆಯಿತು, ಎತ್ತಿಕೊಳ್ಳಿ’ ಎಂದರೆ ಮುಂದಿನ ಹೊಡೆತ ಬಿದ್ದಂತೆಯೇ ಲೆಕ್ಕ. ಹಾಗೆ ಕೊಟ್ಟದ್ದನ್ನು ಕೊಟ್ಟವನು ಹಿಂದಕ್ಕೆ ಪಡೆಯುವಂತಿಲ್ಲ, ಪಡೆದವನು ಬೇಡವೆನ್ನುವಂತಿಲ್ಲ. ಒಂದು ಹೊಡೆತವನ್ನಷ್ಟೇ ಅಲ್ಲ, ಇಡೀ ಹೋಲನ್ನು ಅಥವಾ ಪಂದ್ಯವನ್ನೇ ಬಿಟ್ಟುಕೊಡುವುದಕ್ಕೂ ನಿಯಮದಲ್ಲಿ ಅವಕಾಶವಿದೆ. ಆಟಗಾರನ ಚೀಲ ಹೊರುವ ಕ್ಯಾಡಿಗೆ ಮಾತ್ರ ಆ ಅಧಿಕಾರವಿಲ್ಲ. ಪ್ರೇಕ್ಷಕರಿಗಂತೂ ಇಲ್ಲವೇ ಇಲ್ಲ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಎಷ್ಟು ಸಲ ಹೇಳಿದರೂ ಕೇಳುಗರ ಕಿವಿಗೆ ಇಳಿಯದ ಸಂಗತಿ ಮುಂದಿನದು. ಎಷ್ಟು ದೂರದೊಳಗಿನ ಪಟ್ ಬಿಟ್ಟುಕೊಡಬೇಕು ಎಂಬ ಅಳತೆ ನಿಯಮ ಪುಸ್ತಕದ ಯಾವ ಪುಟದಲ್ಲೂ ಇಲ್ಲ. ಗೆಳೆಯರ ನಡುವಿನ ಆಟದಲ್ಲಿ, ಪಟ್ ಹೊಡೆಯುವ ಕೋಲಾದ ಪಟರ್‌ನ ಹಿಡಿಯಷ್ಟು ದೂರದೊಳಗಿದ್ದರೆ ಕೊಟ್ಟಂತೆಯೇ ಎಂಬ ವಾಡಿಕೆ ಇದೆ. ಅದು ಹೊತ್ತು ಉಳಿಸುವ ಉಪಾಯವೇ ಹೊರತು ಕಾನೂನಲ್ಲ. ಬಿಟ್ಟುಕೊಡುವುದು ಎದುರಾಳಿಯ ಇಷ್ಟ, ಪೂರ್ತಿಯಾಗಿ ಅವನೊಬ್ಬನ ಇಷ್ಟ, ಜೊತೆಗಾರನಿರುವ ಆಟವಾದರೆ ಆ ಇಬ್ಬರಲ್ಲಿ ಯಾರದಾದರೂ ಇಷ್ಟ. ಬೆಳಿಗ್ಗೆ ಮೂರಡಿಯದನ್ನು ಕೊಟ್ಟವನು ಸಂಜೆ ಒಂದಡಿಯದನ್ನು ಆಡಿ ತೋರಿಸು ಎಂದರೆ ಅದು ವಚನಭಂಗವಲ್ಲ, ಏಕೆಂದರೆ ಅವನು ಯಾವ ವಚನವನ್ನೂ ಕೊಟ್ಟಿರುವುದಿಲ್ಲ. ಎರಡಡಿಯ ಪಟ್‌ಗಳನ್ನು ಹತ್ತು ಹೋಲುಗಳವರೆಗೆ ಕೊಡುತ್ತಾ ಬಂದು, ಎದುರಾಳಿ ಅಂಥ ಒಂದು ಪಟ್ಟನ್ನೂ ಆಡದೆ ಕೈ ಹದ ಕಳೆದುಕೊಂಡ ಮೇಲೆ ಹದಿನೇಳನೆಯ ಹೋಲಿನಲ್ಲಿ ಸುಮ್ಮನೆ ನಿಂತುಬಿಡುವುದು ಮ್ಯಾಚ್ ಪ್ಲೇಯ ಹಳೆಯ ತಂತ್ರ. ಅದು ನಿಮಗೆ ಹಿಡಿಸದೇ ಇರಬಹುದು, ನನಗೂ ಅಷ್ಟೇನೂ ಪ್ರಿಯವಲ್ಲ. ಆದರೆ ಅದನ್ನು ಮೋಸ ಎನ್ನುವವರು ಕೊಡುಗೆಯನ್ನು ಸಾಲವೆಂದು ತಿಳಿದಿದ್ದಾರೆ. ‘ನಾವು ಮೂರು ಕೊಟ್ಟೆವು, ಅವರು ಒಂದೂ ಕೊಡಲಿಲ್ಲ’ ಎಂದು ಲೆಕ್ಕ ಒಪ್ಪಿಸುವವರಿಗೆ ನಾನು ಕೇಳುವುದಿಷ್ಟೇ: ವಾಪಸು ಬರಲೆಂದೇ ಕೊಟ್ಟಿದ್ದರೆ, ಅದನ್ನು ಯಾವ ಹೆಸರಿನಿಂದ ಕರೆಯಬೇಕು?

ಹವ್ಯಾಸಿ ತಂಡಗಳ ಪಂದ್ಯವೊಂದರಲ್ಲಿ ಎರಡಡಿಯ ಪಟ್ ಸಿಗದೆ, ಆಡಿ ಗುರಿ ತಪ್ಪಿದ ಹುಡುಗನ ತಂದೆ ನನ್ನನ್ನು ತಡೆದು ನಿಲ್ಲಿಸಿ ಕಾಲು ಗಂಟೆ ತರಾಟೆಗೆ ತೆಗೆದುಕೊಂಡರು. ಎದುರಾಳಿಗೆ ಸಂಸ್ಕಾರವಿಲ್ಲ, ರೆಫರಿಗೆ ಕಣ್ಣಿಲ್ಲ ಎಂಬುದು ಅವರ ವಾದದ ಸಾರ. ಹುಡುಗ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ ‘ಅಪ್ಪಾ, ನನ್ನ ಕೈ ನಡುಗುತ್ತಿದ್ದದ್ದು ಅವನಿಗೆ ಕಾಣಿಸುತ್ತಿತ್ತು’ ಎಂದ. ಪಟ್ ಎಷ್ಟು ಚಿಕ್ಕದು ಎಂಬುದನ್ನು ಹಗ್ಗದಾಚೆ ನಿಂತ ತಂದೆ ಅಡಿಯಲ್ಲಿ ಅಳೆದಿದ್ದರು, ಒಳಗಿದ್ದ ಇಬ್ಬರು ಹುಡುಗರು ಅದನ್ನು ಬೇರೆಯೇ ರೀತಿಯಲ್ಲಿ ಅಳೆದಿದ್ದರು.

ಇಷ್ಟು ಹೇಳಿದ ಕೂಡಲೇ ಎದುರು ಬರುವ ಹೆಸರು ಅಮೆರಿಕದ ಆಟಗಾರ ಜ್ಯಾಕ್ ನಿಕ್ಲಾಸ್. 1969ರಲ್ಲಿ ರಾಯಲ್ ಬರ್ಕ್‌ಡೇಲ್‌ನಲ್ಲಿ ನಡೆದ ರೈಡರ್ ಕಪ್‌ನ ಕೊನೆಯ ಸಿಂಗಲ್ಸ್ ಪಂದ್ಯದ ಕೊನೆಯ ಹೋಲಿನಲ್ಲಿ, ತನ್ನ ಪಟ್ ಕುಳಿಗೆ ಹಾಕಿದ ಮೇಲೆ, ಅವರು ಬ್ರಿಟನ್ನಿನ ಟೋನಿ ಜ್ಯಾಕ್ಲಿನ್‌ಗೆ ಉಳಿದಿದ್ದ ಸುಮಾರು ಎರಡು ಅಡಿಯ ಪಟ್ ಬಿಟ್ಟುಕೊಟ್ಟರು. ಪಂದ್ಯ ಸಮವಾಯಿತು, ಒಟ್ಟು ಅಂಕ 16–16 ಆಗಿ ರೈಡರ್ ಕಪ್ ಇತಿಹಾಸದಲ್ಲಿ ಮೊದಲ ಸಲ ಸಮಬಲದಲ್ಲಿ ಮುಗಿಯಿತು. ಈ ಕಥೆಯನ್ನು ನನ್ನ ಮುಂದೆ ಪ್ರಮಾಣವಾಗಿ ಹಿಡಿಯುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಹಿಂದಿನ ಸಲ ಗೆದ್ದಿದ್ದ ಅಮೆರಿಕದ ಬಳಿ ಸಮಬಲವಾದರೂ ಕಪ್ ಉಳಿಯುತ್ತಿತ್ತು. ನಿಕ್ಲಾಸ್ ಬಿಟ್ಟುಕೊಟ್ಟದ್ದು ಕಪ್ಪನ್ನಲ್ಲ, ಗೆಲುವಿನ ಒಂದು ಸಾಧ್ಯತೆಯನ್ನು. ಎರಡನೆಯದಾಗಿ, ಅವರದೇ ತಂಡದ ನಾಯಕ ಸ್ಯಾಮ್ ಸ್ನೀಡ್‌ಗೆ ಅದು ಒಂದಿಷ್ಟೂ ಹಿಡಿಸಲಿಲ್ಲ. ಇಂದು ಎಲ್ಲರೂ ಕೊಂಡಾಡುವ ಆ ನಡೆ ಅಂದು ಸ್ವಂತ ಪಾಳೆಯದಲ್ಲೇ ನಿರಾಸೆ ಹುಟ್ಟಿಸಿತ್ತು. ಆ ವರ್ಷದ ಬ್ರಿಟಿಷ್ ಓಪನ್ ಗೆದ್ದು, ತನ್ನ ನಾಡಿನ ಜನರೆಲ್ಲರ ಕಣ್ಣೆದುರು ನಿಂತಿದ್ದ ಜ್ಯಾಕ್ಲಿನ್ ಆ ಪಟ್ ತಪ್ಪಿಸಿಕೊಂಡು ಜೀವನಪೂರ್ತಿ ಅದನ್ನು ಹೊತ್ತು ನಡೆಯುವುದು ಬೇಡವೆಂದು ನಿಕ್ಲಾಸ್‌ಗೆ ಅನ್ನಿಸಿತು, ಕೊಟ್ಟರು. ಅವರು ಕೊಡದೇ ಇದ್ದಿದ್ದರೆ? ಯಾವ ರೆಫರಿಯೂ, ಬಹುಶಃ ಜ್ಯಾಕ್ಲಿನ್ ಕೂಡ, ಒಂದು ಮಾತನ್ನೂ ಆಡುವಂತಿರಲಿಲ್ಲ. ಆ ನಡೆಗೆ ಇರುವ ಬೆಲೆಯೆಲ್ಲ ಅಲ್ಲಿಂದಲೇ ಬಂದದ್ದು. ಮುಂದೆ ಇಬ್ಬರೂ ಸೇರಿ ಫ್ಲಾರಿಡಾದಲ್ಲಿ ಒಂದು ಗಾಲ್ಫ್ ಮೈದಾನವನ್ನು ರೂಪಿಸಿದಾಗ ಅದಕ್ಕೆ ಇಟ್ಟ ಹೆಸರು ‘ದಿ ಕನ್ಸೆಷನ್’, ಅಂದರೆ ಬಿಟ್ಟುಕೊಡುವಿಕೆ.

ಇನ್ನು 2015ರ ಸೋಲ್ಹೈಮ್ ಕಪ್. ಜರ್ಮನಿಯ ಸಾಂಕ್ಟ್ ಲಿಯೋನ್‌-ರೋಟ್‌ನಲ್ಲಿ, ಭಾನುವಾರ ಬೆಳಿಗ್ಗೆ ಮುಂದುವರಿದ, ಇಬ್ಬಿಬ್ಬರು ಜೊತೆಯಾಗಿ ಆಡುವ ಫೋರ್‌ಬಾಲ್ ಪಂದ್ಯದಲ್ಲಿ, ಹದಿನೇಳನೆಯ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಅಂದರೆ ಗ್ರೀನಿನಲ್ಲಿ, ಅಮೆರಿಕದ ಆಲಿಸನ್ ಲೀಯ ಪಟ್ ಕುಳಿಯನ್ನು ದಾಟಿ ಸುಮಾರು ಹದಿನೆಂಟು ಇಂಚು ಆಚೆ ನಿಂತಿತು. ಬಿಟ್ಟುಕೊಟ್ಟರೆಂದು ಭಾವಿಸಿ ಆಕೆ ಚೆಂಡು ಎತ್ತಿಕೊಂಡರು. ಯುರೋಪಿನ ಸೂಜಾನ್ ಪೆಟ್ಟರ್ಸನ್ ತಾವು ಬಿಟ್ಟುಕೊಟ್ಟಿಲ್ಲವೆಂದರು. ಅಂದಿನ ನಿಯಮದಂತೆ ಲೀಗೆ ಒಂದು ಹೊಡೆತದ ದಂಡ ಬಿತ್ತು, ಹೋಲು ಯುರೋಪಿನ ಪಾಲಾಯಿತು, ಆಮೇಲೆ ಪಂದ್ಯವೂ. ಪೆಟ್ಟರ್ಸನ್‌ರ ಜೊತೆಗಾರ್ತಿ ಚಾರ್ಲಿ ಹಲ್ ಅಷ್ಟರಲ್ಲಿ ಗ್ರೀನ್ ಬಿಟ್ಟು ಹೆಜ್ಜೆ ಹಾಕಿದ್ದರು. ಪಂದ್ಯ ಗೆದ್ದ ಆ ಹಲ್ ಕಣ್ಣೀರಿಡುತ್ತಿದ್ದ ದೃಶ್ಯವನ್ನು ನೋಡಿದವರು ಮರೆತಿರಲಾರರು. ಯುರೋಪಿನ ಮುನ್ನಡೆ ಆಗ 10–6. ಮಧ್ಯಾಹ್ನದ ಸಿಂಗಲ್ಸ್‌ನಲ್ಲಿ ಅಮೆರಿಕನ್ನರು ಕೆರಳಿದವರಂತೆ ಆಡಿ 14.5–13.5ರಿಂದ ಕಪ್ ಗೆದ್ದರು. ಪೆಟ್ಟರ್ಸನ್ ಮರುದಿನ ಬಹಿರಂಗವಾಗಿ ಕ್ಷಮೆ ಕೇಳಿದರು.

ಈ ಪ್ರಕರಣದ ಬಗ್ಗೆ ನನ್ನ ಅಭಿಪ್ರಾಯವನ್ನು ಕೇಳುವವರಿಗೆ ನಾನು ಎಚ್ಚರಿಕೆಯಿಂದಲೇ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಪಟ್ ಕೊಡದೇ ಇದ್ದದ್ದು ಪೆಟ್ಟರ್ಸನ್‌ರ ಹಕ್ಕು, ಅದರಲ್ಲಿ ತಪ್ಪು ಹುಡುಕಲು ನಾನು ಸಿದ್ಧನಿಲ್ಲ. ಆದರೆ ಎದುರಿನವಳು ಪ್ರಾಮಾಣಿಕವಾಗಿ ತಪ್ಪು ತಿಳಿದು ಚೆಂಡು ಎತ್ತಿದಾಗ, ಆ ತಪ್ಪು ತಿಳಿವಳಿಕೆಗೆ ತಮ್ಮದೇ ಜೊತೆಗಾರ್ತಿಯ ಹೆಜ್ಜೆಯೂ ಕಾರಣವಾಗಿರಬಹುದಾದಾಗ, ಅದರಿಂದ ಲಾಭ ಪಡೆಯಬೇಕೇ ಎಂಬುದು ಬೇರೆ ಪ್ರಶ್ನೆ. ಕ್ರೀಡಾ ಮನೋಭಾವದ ಮಾತು ಅಲ್ಲಿಂದ ಶುರುವಾಗುತ್ತದೆ. 2019ರಲ್ಲಿ ಜಾರಿಗೆ ಬಂದ ನಿಯಮ ಈ ವಿಷಯವನ್ನು ಸ್ವಲ್ಪ ಹಗುರ ಮಾಡಿದೆ. ಎದುರಾಳಿಯ ಮಾತು ಅಥವಾ ನಡೆಯನ್ನು ನೋಡಿ ಬಿಟ್ಟುಕೊಟ್ಟರೆಂದು ಯಾರಿಗಾದರೂ ಅನ್ನಿಸುವುದು ಸಹಜವಾಗಿದ್ದರೆ, ಹಾಗೆ ಎತ್ತಿದ ಚೆಂಡಿಗೆ ದಂಡವಿಲ್ಲ. ಅದನ್ನು ಮೊದಲಿದ್ದಲ್ಲಿಯೇ ಇಟ್ಟು ಆಡಬೇಕು. ಗಮನಿಸಿ: ಎದುರಾಳಿಯ ಮಾತು ಅಥವಾ ನಡೆ. ಬಿಟ್ಟುಕೊಟ್ಟೆವೆಂದು ಯಾರೋ ಹೇಳಿದಂತೆ ತನಗೆ ಕೇಳಿಸಿತು ಎಂದು ಲೀ ಅಂದು ಹೇಳಿದ್ದರು. ಸುತ್ತ ಸಾವಿರಾರು ಜನ ನಿಂತಿರುವಾಗ ಆ ‘ಯಾರೋ’ ಹಗ್ಗದಾಚೆಯವನಾಗಿದ್ದರೆ ಇಂದಿನ ನಿಯಮವೂ ಆಟಗಾರ್ತಿಯನ್ನು ಕಾಪಾಡುತ್ತದೆಂದು ನಾನು ಖಚಿತವಾಗಿ ಹೇಳಲಾರೆ. ಆದ್ದರಿಂದ ನನ್ನ ಬಳಿ ಕಲಿಯಲು ಬರುವವರಿಗೆಲ್ಲ ನಾನು ಹೇಳಿಕೊಡುವ ಅಭ್ಯಾಸವೊಂದಿದೆ: ಎದುರಾಳಿಯ ಮುಖ ನೋಡಿ, ಕೊಟ್ಟಿರಾ ಎಂದು ಬಾಯಿಬಿಟ್ಟು ಕೇಳಿ, ಉತ್ತರ ಬರುವವರೆಗೆ ಚೆಂಡು ಮುಟ್ಟಬೇಡಿ. ಕೇಳುವುದರಿಂದ ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ಪ್ರೇಕ್ಷಕರ ವಿಷಯಕ್ಕೆ ಬರುತ್ತೇನೆಂದಿದ್ದೆ. ಎದುರಾಳಿ ಪಟ್ ಕೊಡಲಿಲ್ಲವೆಂದು ಸಂಜೆ ಗೊಣಗುವ ಅಭಿಮಾನಿಯೇ ಮಧ್ಯಾಹ್ನ ಎದುರಾಳಿ ಪಟರ್ ಹಿಂದಕ್ಕೆ ಎಳೆಯುವ ಕ್ಷಣದಲ್ಲಿ ಕೂಗಿರುತ್ತಾನೆ ಎಂಬುದು ನನ್ನ ಅನುಭವ. ಎಲ್ಲರೂ ಹೀಗೆಂದು ಹೇಳುವುದು ಅನ್ಯಾಯವಾದೀತು, ಆದರೆ ಕೆಲವರಿಗೆ ಉಳಿದವರೆಲ್ಲರ ಹೆಸರು ಕೆಡಿಸುವಷ್ಟು ಗಂಟಲಿರುತ್ತದೆ. ಪಟ್ ಕೊಡುವುದು ಕೃಪೆ, ಹೊಡೆಯುವಾಗ ಮೌನವಾಗಿರುವುದು ಸಾಲ. ಜನ ಇವೆರಡನ್ನೂ ತಿರುವುಮುರುವು ಮಾಡಿಕೊಂಡಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬೆತ್‌ಪೇಜ್ ಬ್ಲ್ಯಾಕ್‌ನಲ್ಲಿ ನಡೆದ ರೈಡರ್ ಕಪ್ ಎಲ್ಲರ ನೆನಪಿನಲ್ಲೂ ಹಸಿಯಾಗಿದೆ. ಮೊದಲ ಎರಡು ದಿನಗಳಲ್ಲಿ ಅಮೆರಿಕ 11.5–4.5ರಿಂದ ಹಿಂದೆ ಬಿದ್ದಿತು. ದುಬಾರಿ ಟಿಕೆಟ್ ಕೊಂಡು ಬಂದ ಜನರ ನಿರಾಸೆ ಯುರೋಪಿನ ರೋರಿ ಮಕ್ಕಿಲ್‌ರಾಯ್ ಮೇಲಿನ ಬೈಗುಳವಾಗಿ ಹರಿಯಿತು, ಅವರ ಪತ್ನಿಯ ಮೇಲೆ ಪಾನೀಯ ಬಿದ್ದಿತು, ಆಟ ಶುರುವಾಗುವ ಮೊದಲ ಟೀಯಲ್ಲಿ ಜನರನ್ನು ಹುರಿದುಂಬಿಸಲು ನೇಮಿಸಿದ್ದ ನಿರೂಪಕಿಯೇ ಅಸಭ್ಯ ಕೂಗಿಗೆ ದನಿಗೂಡಿಸಿ, ಆ ಕೆಲಸದಿಂದ ಹಿಂದೆ ಸರಿಯಬೇಕಾಯಿತು. ವಿಚಿತ್ರವೆಂದರೆ ಆ ಬೈಗುಳದಿಂದ ತವರಿನ ತಂಡಕ್ಕೆ ಅರ್ಧ ಅಂಕವೂ ಹೆಚ್ಚಿಗೆ ಬಂದಂತೆ ಕಾಣಲಿಲ್ಲ. ಭಾನುವಾರ ಅಮೆರಿಕನ್ನರು ತಾವೇ ಚೆನ್ನಾಗಿ ಆಡಿ ಸಿಂಗಲ್ಸ್‌ನ ಹನ್ನೆರಡು ಅಂಕಗಳಲ್ಲಿ 8.5 ಗೆದ್ದರು, ಯುರೋಪ್ 15–13ರಿಂದ ಕಷ್ಟಪಟ್ಟು ಗೆದ್ದಿತು.

ಸೋತ ಅಭಿಮಾನಿಯ ನೋವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಪಂದ್ಯ, ಮೂರು ದಿನ, ಈಗಿನ ಲೆಕ್ಕದಲ್ಲಿ ಒಟ್ಟು 28 ಅಂಕ. ಇಷ್ಟೆಲ್ಲ ಕೊನೆಗೆ ಒಬ್ಬನ ಒಂದು ಪಟ್ಟಿನ ಮೇಲೆ ಬಂದು ನಿಂತಾಗ ಆ ಪಟ್ಟೇ ಎಲ್ಲಕ್ಕೂ ಕಾರಣವೆಂದು ಕಾಣುವುದು ಸಹಜ. 1991ರಲ್ಲಿ ಅಮೆರಿಕದ ಕಿಯಾವಾ ದ್ವೀಪದ ರೈಡರ್ ಕಪ್‌ನಲ್ಲಿ ಬರ್ನ್‌ಹಾರ್ಡ್ ಲ್ಯಾಂಗರ್ ಆರಡಿಯ ಪಟ್ ತಪ್ಪಿಸಿಕೊಂಡಾಗ ಯುರೋಪ್ 14.5–13.5ರಿಂದ ಸೋತಿತು. ಶುಕ್ರವಾರ ಬೆಳಿಗ್ಗೆ ಕಳೆದುಕೊಂಡ ಅಂಕಕ್ಕೂ ಇದಕ್ಕೂ ತೂಕ ಒಂದೇ, ಆದರೆ ಶುಕ್ರವಾರದ್ದು ಯಾರಿಗೂ ನೆನಪಿಲ್ಲ. ಹೀಗೆ ಒಂದೇ ಕ್ಷಣಕ್ಕೆ ಎಲ್ಲ ಹೊಣೆಯನ್ನೂ ಹೊರಿಸುವವರಿಗೆ ಅದೇ ಕ್ಷಣದಲ್ಲಿ ಎದುರಾಳಿಯ ದೋಷವೊಂದು ಸಿಕ್ಕಿಬಿಟ್ಟರೆ ಅದಕ್ಕಿಂತ ದೊಡ್ಡ ಸಮಾಧಾನವಿಲ್ಲ.

ಕೆಲವೊಮ್ಮೆ ದೋಷ ನಿಜವಾಗಿಯೂ ಇರುತ್ತದೆ. 1999ರ ರೈಡರ್ ಕಪ್‌ನಲ್ಲಿ, ಅಮೆರಿಕದ ಬ್ರೂಕ್‌ಲೈನ್‌ನ ಹದಿನೇಳನೆಯ ಗ್ರೀನಿನಲ್ಲಿ ಜಸ್ಟಿನ್ ಲಿಯೊನಾರ್ಡ್ ಸುಮಾರು 45 ಅಡಿಯ ಪಟ್ ಹಾಕಿದಾಗ ಅಮೆರಿಕದ ಆಟಗಾರರು ಗ್ರೀನಿನೊಳಕ್ಕೆ ಓಡಿ ಬಂದು ಕುಣಿದರು. ಎದುರಾಳಿ, ಯುರೋಪಿನ ಹೋಸೆ ಮರಿಯಾ ಒಲಾಥಾಬಲ್ ಇನ್ನೂ ತಮ್ಮ ಪಟ್ ಆಡಬೇಕಿತ್ತು, ಆಡಿದರು, ಬೀಳಲಿಲ್ಲ. ಯುರೋಪಿನವರ ದೂರಿಗೆ ಆಧಾರವಿತ್ತು, ಏಕೆಂದರೆ ಅಲ್ಲಿ ಕೃಪೆಯನ್ನಲ್ಲ, ಸಾಲವನ್ನು ಕಿತ್ತುಕೊಳ್ಳಲಾಗಿತ್ತು. ಅದೇ ದಿನ ಅದೇ ಮೈದಾನದಲ್ಲಿ ಯುರೋಪಿನ ಕಾಲಿನ್ ಮಾಂಟ್ಗೊಮರಿ ಹೋಲಿನಿಂದ ಹೋಲಿಗೆ ಎಂಥ ಬೈಗುಳ ತಿಂದರೆಂದರೆ ಆಟ ನೋಡಲು ಬಂದಿದ್ದ ಅವರ ತಂದೆ ಅರ್ಧದಲ್ಲೇ ಹೊರಟುಹೋದರು. ಮಾಂಟ್ಗೊಮರಿಯ ಎದುರಾಳಿ ಅಮೆರಿಕದ ಪೇನ್ ಸ್ಟೀವರ್ಟ್. ಕಪ್ ಯಾರದೆಂದು ತೀರ್ಮಾನವಾದ ಮೇಲೂ ಅವರ ಪಂದ್ಯ ಸಮವಾಗಿಯೇ ಸಾಗಿ ಹದಿನೆಂಟನೆಯ ಗ್ರೀನಿಗೆ ಬಂದಿತ್ತು. ಅಲ್ಲಿ ಸ್ಟೀವರ್ಟ್ ಮಾಂಟ್ಗೊಮರಿಯ ಪಟ್ ಬಿಟ್ಟುಕೊಟ್ಟು, ತಮ್ಮ ಪಂದ್ಯವನ್ನು ತಾವೇ ಸೋತರು. ಆ ಪಟ್ ಎರಡಡಿಯದಾಗಿರಲಿಲ್ಲ. ಯಾವ ಪಟರ್‌ನ ಹಿಡಿಯ ಅಳತೆಗೂ ಸಿಗದಷ್ಟು ದೂರದ್ದು.